ನೆನಪಿರುವ ಬೀಗದ ಕೈ

ಬೀಗಕ್ಕೆ ಕೈಯೊಂದನ್ನು ಕೊಟ್ಟ ನಮ್ಮ ಹಿರಿಯರು ಆ ಕೈಗೆ ಮುಂದೊಂದು ದಿನ ನೆನಪೂ ಬಂದೀತೆಂದು ಎಣಿಸಿರಲಾರರು. ಮನೆಯದಾಗಲಿ, ಪೆಟ್ಟಿಗೆಯದಾಗಲಿ, ಬೀಗದ ಕೈಯ ಧರ್ಮ ತೆರೆಯುವುದು ಮತ್ತು ಮುಚ್ಚುವುದು. ತೆರೆದವರು ಕುಳ್ಳರೋ ಎತ್ತರದವರೋ, ಅವರಿಗೆ ಸೆಕೆಯೋ ಚಳಿಯೋ ಎಂಬ ವಿಚಾರ ಅದಕ್ಕೆ ಬೇಕಿರಲಿಲ್ಲ. ಈಗಿನ ಮೋಟಾರು ಕಾರುಗಳ ಬೀಗದ ಕೈಗೆ ಅದೆಲ್ಲವೂ ಬೇಕು.

ನಜರ್‌ಬಾದಿನಲ್ಲಿರುವ ನನ್ನ ಮಿತ್ರರೊಬ್ಬರು (ರಾಯರೆಂದು ಕರೆಯೋಣ) ಕಳೆದ ವರ್ಷ ಅಂಥದೊಂದು ಕಾರನ್ನು ಕೊಂಡರು. ಹೋದವರಿಗೆಲ್ಲ ಕಾಫಿಗೆ ಮೊದಲೇ ಅದರ ಪ್ರದರ್ಶನವಾಗುತ್ತಿತ್ತು. ರಾಯರು ತಮ್ಮ ಕೈಯನ್ನು ಹಿಡಿದು ಬಾಗಿಲು ತೆರೆದರೆ ಆಸನ ಗಂಭೀರವಾಗಿ ಹಿಂದಕ್ಕೆ ಸರಿಯುತ್ತದೆ. ಕನ್ನಡಿಗಳು ಅವರ ಕಣ್ಣಿನ ಮಟ್ಟಕ್ಕೆ ತಿರುಗುತ್ತವೆ. ಅವರ ಶ್ರೀಮತಿಯವರು ತಮ್ಮ ಕೈಯಿಂದ ತೆರೆದರೆ ಅದೇ ಆಸನ ಮುಂದಕ್ಕೆ ಬಂದು ಮೇಲೇರುತ್ತದೆ. "ಮೂವತ್ತು ವರ್ಷ ಸಂಸಾರ ಮಾಡಿದ ನನಗೇ ಇವಳ ಅನುಕೂಲ ಇಷ್ಟು ಗೊತ್ತಿಲ್ಲ, ನೋಡಿ!" ಎಂದು ರಾಯರು ನಕ್ಕರು. ಶ್ರೀಮತಿಯವರು ನಗಲಿಲ್ಲ.

ಇದರ ಗುಟ್ಟು ತಿಳಿದರೆ ಅಚ್ಚರಿ ಕಡಿಮೆಯಾಗುವುದಿಲ್ಲ, ಬೇರೆ ಬಗೆಯದಾಗುತ್ತದೆ. ಪ್ರತಿಯೊಂದು ಕೈಯೊಳಗೂ ಒಂದು ಪುಟ್ಟ ವಿದ್ಯುತ್ ಸಾಧನವಿದೆ. ಅದು ತನ್ನ ಗುರುತಿನ ಸಂಖ್ಯೆಯನ್ನು ಕಾರಿಗೆ ಹೇಳುತ್ತದೆ. ಆಸನದ ಕೆಳಗಿನ ಮೋಟಾರುಗಳು ಎಷ್ಟು ಸುತ್ತು ತಿರುಗಿವೆಯೆಂಬ ಲೆಕ್ಕ ಕಾರಿನಲ್ಲಿರುತ್ತದೆ. ಅಂದರೆ ನೆನಪು ಬಹುಮಟ್ಟಿಗೆ ಇರುವುದು ಕಾರಿನಲ್ಲಿ. ಕೈ ಹೇಳುವುದು ಹೆಸರನ್ನಷ್ಟೇ. ಇಂಥ ಹಲವು ಕಾರುಗಳಲ್ಲಿ ಇಳಿದು ಬೀಗ ಹಾಕಿದಾಗ ಆಸನ ಎಲ್ಲಿತ್ತೋ ಅದೇ ಆ ಕೈಯ ಹೆಸರಿನಲ್ಲಿ ದಾಖಲೆಯಾಗುತ್ತದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಈ ಬಯಕೆ ಹೊಸದಲ್ಲ. ಅಮೆರಿಕದ ಕ್ಯಾಡಿಲ್ಯಾಕ್ ಸಂಸ್ಥೆ 1957ರಲ್ಲಿ ತಂದ ಎಲ್ಡೊರಾಡೊ ಬ್ರೋಮ್ ಕಾರಿನಲ್ಲಿಯೇ ಚಾಲಕನಿಗೆ ಒಗ್ಗಿದ ಭಂಗಿಯನ್ನು ನೆನಪಿಡುವ ಆಸನವಿತ್ತು. ಜರ್ಮನಿಯ ಬಿ.ಎಂ.ಡಬ್ಲ್ಯು. 1990ರ ದಶಕದ ಕೊನೆಯಲ್ಲಿ ಆ ನೆನಪನ್ನು ಬೀಗದ ಕೈಗೆ ಕೂಡಿಸಿತು. ಫೋರ್ಡ್ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಏರ್ಪಾಟಿನಲ್ಲಂತೂ ತಂದೆತಾಯಿಗಳು ಮಕ್ಕಳಿಗೆಂದೇ ಬೇರೆ ಕೈಯನ್ನು ಸಿದ್ಧಪಡಿಸಬಹುದು: ಅದರಿಂದ ಹೊರಟ ಕಾರು ಗಂಟೆಗೆ 80 ಮೈಲಿಯ ಮಿತಿಯನ್ನು ಮೀರದು, ಸೊಂಟದ ಪಟ್ಟಿ ಕಟ್ಟುವವರೆಗೆ ರೇಡಿಯೋ ಹಾಡದು. ಅನುಕೂಲವನ್ನು ನೆನಪಿಟ್ಟ ಕೈ ಅಂಕುಶವನ್ನೂ ನೆನಪಿಡಬಲ್ಲುದು.

ನಮ್ಮ ಊರಿನ ಹಳೆಯ ವಸ್ತುಗಳ ಸ್ವಭಾವವೇ ಬೇರೆ. ಟಿಪ್ಪು ಸುಲ್ತಾನ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೈಸೂರಿನ ಹಳೆಯ ಕೋಟೆಯ ಕಲ್ಲುಗಳನ್ನು ತರಿಸಿ ಈ ನಜರ್‌ಬಾದಿನಲ್ಲಿ ಹೊಸ ಕೋಟೆ ಕಟ್ಟಿಸತೊಡಗಿದ. 1799ರ ಅನಂತರ ಅವೇ ಕಲ್ಲುಗಳು ಮೈಸೂರಿಗೆ ಹಿಂದಿರುಗಿದವು. ಯಾರ ಕೋಟೆಯೆಂದು ಅವು ಕೇಳಲಿಲ್ಲ. ಇತ್ತೀಚಿನ ನಿದರ್ಶನ ಬೇಕಾದರೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿದೆ. 1996ರಲ್ಲಿ ಅದು ಮುಚ್ಚುವವರೆಗೆ ಮೈಸೂರಿನ ಬೀದಿಗಳಲ್ಲಿ ಆ ಮೋಟಾರು ಬೈಕಿನ ಸದ್ದು ಕೇಳದ ದಿನವಿರಲಿಲ್ಲ. ಅದರ ಕೈ ಹಲ್ಲಿಲ್ಲದ ಒಂದು ಕಡ್ಡಿ. ಒಬ್ಬರ ಜಾವಾದ ಕೈ ಇನ್ನೊಬ್ಬರದಕ್ಕೂ ಹೊಂದುತ್ತಿತ್ತೆಂಬುದು ಓಡಿಸಿದವರಿಗೆಲ್ಲ ಗೊತ್ತು. ಅದು ಯಾರನ್ನೂ ನೆನಪಿಡಲಿಲ್ಲ; ಆದ್ದರಿಂದ ಯಾರನ್ನೂ ಮರೆಯಲೂ ಇಲ್ಲ.

ಈ ಕೊನೆಯ ಮಾತು ನನಗೆ ಹೊಳೆದದ್ದು ಮೊನ್ನೆ ಸಂಜೆ. ರಾಯರು ನನ್ನನ್ನು ಚಾಮುಂಡಿ ಬೆಟ್ಟಕ್ಕೆ ಹೋಗಿ ಬರಲು ತಮ್ಮ ಕಾರಿನಲ್ಲಿ ಕಳುಹಿಸಿದರು. ಓಡಿಸಿದವನು ಅವರ ಡ್ರೈವರು. ದಂಪತಿಗಳಿಬ್ಬರಿಗಿಂತ ಗೇಣುದ್ದ ಎತ್ತರದ ಆಳು. ಬೆಟ್ಟದ ತಿರುವುಗಳಲ್ಲಿ ಅವನ ಮೊಣಕಾಲು ಚಕ್ರಕ್ಕೆ ತಾಗುತ್ತಿತ್ತು. ತಲೆ ಮಾಡಿಗೆ ಮುಟ್ಟುವಂತಿತ್ತು.

"ಸೀಟು ಹಿಂದಕ್ಕೆ ಹಾಕ್ಕೊಳ್ಳಬಾರದೇನಪ್ಪ?" ಎಂದೆ.

"ಇದು ಅಮ್ಮಾವ್ರ ಕೈ ಸಾರ್. ಒಂದು ಸಲ ಹಿಂದಕ್ಕೆ ಹಾಕ್ಕೊಂಡೆ. ಮಾರನೇ ದಿನ ಅಮ್ಮಾವ್ರು ಬಂದು ಬಾಗಿಲು ತೆಗೆದರೆ ಸೀಟು ನನ್ನ ಅಳತೆಗೇ ಹೋಗಿ ಕೂತಿತ್ತು. ಬೇಜಾರು ಮಾಡ್ಕೊಂಡ್ರು. ಆವತ್ತಿಂದ ಮುಟ್ಟಿಲ್ಲ."

"ಬೆಂಗಳೂರಿಗೆ ಹೋಗುವಾಗಲೂ ಹೀಗೆಯೇ?"

"ಅಭ್ಯಾಸ ಆಗೋಗಿದೆ ಸಾರ್."

ಆ ಕಾರನ್ನು ವಾರಕ್ಕೆ ಆರು ದಿನ ಓಡಿಸುವವನು ಅವನು. ಕಾರಿಗೆ ಗೊತ್ತಿಲ್ಲದವನೂ ಅವನೇ. ಕೈಗಳು ಎರಡು, ಸವಾರರು ಮೂವರು. ಕಾರು ಗುರುತಿಸುವುದು ಕೈಯನ್ನು, ಮನುಷ್ಯನನ್ನಲ್ಲ. ಆ ಕೈ ಯಾರ ಜೇಬಿನಲ್ಲಿದ್ದರೂ ಅದರ ಪಾಲಿಗೆ ಅವರು ಅಮ್ಮಾವ್ರೇ. ನಮ್ಮ ಭಾಷೆ ಜಾಣ ಭಾಷೆ. ಹೊಂದಿಸಿಕೊಳ್ಳುವುದು ಬೇರೆ, ಹೊಂದಿಕೊಳ್ಳುವುದು ಬೇರೆ ಎಂದು ಅದು ಎಂದೋ ಕಂಡುಕೊಂಡಿದೆ. ಒಬ್ಬರು ಹೊಂದಿಸಿಕೊಂಡಲ್ಲಿ ಇನ್ನೊಬ್ಬರು ಹೊಂದಿಕೊಳ್ಳುತ್ತಿರುತ್ತಾರೆ. ಹಿಂದೆ ಕೂತವರಿಗೆ ಅದು ಕಾಣುವುದಿಲ್ಲ.

ಹಿಂದಿರುಗಿದ ಮೇಲೆ ಹೇಳಲೋ ಬೇಡವೋ ಎಂದು ಕಾಫಿ ಮುಗಿಯುವವರೆಗೆ ಯೋಚಿಸಿ ಕೊನೆಗೆ ಹೇಳಿದೆ. ರಾಯರು ಕೆಟ್ಟವರಲ್ಲ. "ಅವನು ಕೇಳಲೇ ಇಲ್ಲವಲ್ಲ!" ಎಂದರು. ಕೇಳಬಹುದೆಂದು ಅವನಿಗೆ ಹೇಳಿದವರು ಯಾರು ಎಂದು ನಾನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಎದ್ದರು. ಕಾರಿನ ಬಾಗಿಲಿನಲ್ಲಿ ಮೂರು ಗುಂಡಿಗಳಿದ್ದವು. ಒಂದು ಶ್ರೀಮತಿಯವರದು, ಎರಡು ರಾಯರದು, ಮೂರನೆಯದು ಖಾಲಿ. ಮೂರನ್ನು ಒತ್ತಿ ಕೂರುವುದು, ಇಳಿಯುವಾಗ ಒಂದನ್ನು ಒತ್ತಿ ಬೀಗ ಹಾಕುವುದು: ಇಷ್ಟು ಮಾಡಿದರೆ ಯಾರ ಅನುಕೂಲವೂ ಕೆಡುವುದಿಲ್ಲ.

ಡ್ರೈವರು ಆಸನದ ಅಂಚಿನಲ್ಲಿ ಕುಳಿತ. ಯಜಮಾನರ ಎದುರಿನಲ್ಲಿ ಹಿಂದಕ್ಕೆ ಸರಿಯಲು ಅವನಿಗೆ ಸಂಕೋಚ. ಒಂದೇ ಅಂಗುಲ ಸರಿದು, "ಸಾಕು ಸಾರ್" ಎಂದ.

"ಇನ್ನೂ ಹಿಂದಕ್ಕೆ ಹೋಗಪ್ಪ, ಕಾಲು ಚಾಚು," ಎಂದರು ರಾಯರು.

ಮೋಟಾರು ಸಣ್ಣಗೆ ಗುಂಯ್‌ಗುಟ್ಟಿತು. ಅವನ ಮೊಣಕಾಲುಗಳು ಚಕ್ರದಿಂದ ಬಿಡಿಸಿಕೊಂಡವು. ರಾಯರು ಬಾಗಿ ಮೂರನೆಯ ಗುಂಡಿಯನ್ನು ತಾವೇ ಒತ್ತಿದರು. ಕಾರು ಅದನ್ನು ನೆನಪಿಟ್ಟುಕೊಂಡಿತು. ರಾಯರೂ ನೆನಪಿಟ್ಟುಕೊಂಡಿದ್ದಾರೆಂದು ನಾನು ನಂಬಿದ್ದೇನೆ.