ಜಟೆಗೂದಲ ಪೋಷಣೆ: ಕೇಶ ಪ್ರಸಾಧನ ಉದ್ದಿಮೆಗಳು ಅರಿಯಬೇಕಾದ ಸಂಗತಿಗಳು

ಕೇಶತೈಲ, ಶಾಂಪೂ, ಬಾಚಣಿಗೆ ಮುಂತಾದವನ್ನು ತಯಾರಿಸುವ ಉದ್ದಿಮೆಗಳೆಲ್ಲವೂ ಕೂದಲು ಸಿಕ್ಕಾಗಬಾರದೆಂಬ ಒಂದೇ ಅಪೇಕ್ಷೆಯನ್ನು ನೆಚ್ಚಿಕೊಂಡು ಬೆಳೆದಿವೆ. ಸಿಕ್ಕನ್ನೇ ಬಯಸಿ, ಅದನ್ನು ವರ್ಷಗಟ್ಟಲೆ ಜೋಪಾನ ಮಾಡುವ ಗ್ರಾಹಕವರ್ಗವೊಂದು ಜಮೈಕ, ಅಮೆರಿಕ, ಬ್ರಿಟನ್ ಹಾಗೂ ಆಫ್ರಿಕಾದ ನಗರಗಳಲ್ಲಿ ಇದೆ. ಇವರ ಕೇಶಶೈಲಿಗೆ 'ಡ್ರೆಡ್‌ಲಾಕ್ಸ್' ಎಂದು ಹೆಸರು. ಕನ್ನಡದಲ್ಲಿ ಇದಕ್ಕೆ ಹತ್ತಿರವಾದ ಪದ ಜಟೆ. ಈ ವರ್ಗದ, ಅದರಲ್ಲೂ ಉದ್ದನೆಯ ಜಟೆ ಬಿಟ್ಟ ಪುರುಷರ ಬೇಡಿಕೆಗಳೇ ಬೇರೆ. ಸಾಮಾನ್ಯ ಸರಕಿಗೆ ಹೊಸ ಲೇಬಲ್ ಅಂಟಿಸಿ ಕಳುಹಿಸುವ ತಯಾರಕರು ಇಲ್ಲಿ ಒಂದು ಸಲ ಮಾರಬಹುದು, ಎರಡನೆಯ ಸಲ ಮಾರಲಾರರು.

ಜಟೆ ಭಾರತೀಯರಿಗೆ ಹೊಸತಲ್ಲ. ಸಾಧುಗಳ ಜಟೆಯನ್ನು ಕಾಣದವರಿಲ್ಲ. ಆದರೆ ಆ ಪರಿಚಯವೇ ಒಂದು ತಪ್ಪು ಕಲ್ಪನೆಗೂ ಕಾರಣವಾಗಿದೆ. ಬಾಚದೆ, ತೊಳೆಯದೆ ಬಿಟ್ಟರೆ ಜಟೆ ತಾನಾಗಿಯೇ ಆಗುತ್ತದೆ, ಅದಕ್ಕೆ ಯಾವ ಸರಕೂ ಬೇಡ ಎಂದು ವ್ಯಾಪಾರಿಗಳು ಭಾವಿಸುವುದುಂಟು. ವಾಸ್ತವದಲ್ಲಿ ವಿಭಾಗ ಮಾಡಿ ಬೆಳೆಸಿದ ಜಟೆಗೆ ಸಾಮಾನ್ಯ ಕೂದಲಿಗಿಂತ ಹೆಚ್ಚಿನ ಶುಚಿತ್ವ ಬೇಕು.

ಈ ಶೈಲಿಗೆ ಜಾಗತಿಕ ಪ್ರಸಿದ್ಧಿ ತಂದುಕೊಟ್ಟವರು ಜಮೈಕದ ರಾಸ್ತಫಾರಿ ಪಂಥದವರು. 1930ರ ದಶಕದಲ್ಲಿ ಹುಟ್ಟಿದ ಈ ಪಂಥದ ಅನುಯಾಯಿಗಳಿಗೆ ಕೂದಲಿಗೆ ಕತ್ತರಿ ಹಾಕದಿರುವುದು ಒಂದು ವ್ರತ. 1970ರ ದಶಕದಲ್ಲಿ ಗಾಯಕ ಬಾಬ್ ಮಾರ್ಲಿಯ ಮೂಲಕ ಜಟೆ ಲೋಕಪ್ರಸಿದ್ಧವಾಯಿತು. ಆದರೂ ಕಚೇರಿಗಳಲ್ಲಿ ಬಹುಕಾಲ ಅದಕ್ಕೆ ಪ್ರವೇಶವಿರಲಿಲ್ಲ. 2019ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು ಜಟೆ, ಹೆಣಿಗೆ ಮೊದಲಾದ ಶೈಲಿಗಳ ಕಾರಣಕ್ಕೆ ನೌಕರರನ್ನು ಭೇದಭಾವದಿಂದ ಕಾಣಬಾರದೆಂದು 'ಕ್ರೌನ್' ಕಾಯಿದೆಯನ್ನು ಅಂಗೀಕರಿಸಿತು. ಬಳಿಕ ಇತರ ಹಲವು ರಾಜ್ಯಗಳೂ ಅದನ್ನು ಅನುಸರಿಸಿವೆ. ಸಂಗೀತಗಾರರ ಶೈಲಿಯಾಗಿದ್ದುದು ಹೀಗೆ ಕೋಟು ತೊಟ್ಟು ಕಚೇರಿಗೆ ಹೋಗುವವರದೂ ಆಗಲು ದಾರಿ ತೆರೆಯಿತು. ಅಚ್ಚುಕಟ್ಟಾಗಿ ಕಾಣಬೇಕಾದವನಿಗೆ ಪೋಷಣೆಯ ಸಾಮಗ್ರಿ ಅನಿವಾರ್ಯ.

ಗುಂಗುರು ಕೂದಲಿನ ಗುಣ

ನೇರ ಕೂದಲಿನ ಎಳೆಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಬಹುಮಟ್ಟಿಗೆ ದುಂಡಗಿರುತ್ತದೆ. ಬಿಗಿ ಗುಂಗುರಿನ ಎಳೆ ಚಪ್ಪಟೆಯಾಗಿ ಅಂಡಾಕಾರದಲ್ಲಿರುತ್ತದೆ. ಅದು ಬೆಳೆದು ಬರುವ ಕೋಶವೂ ಬಾಗಿರುವುದರಿಂದ ಎಳೆಯು ಸುರುಳಿಯಾಗಿಯೇ ಹೊರಬಂದು ನೆರೆಯ ಎಳೆಗಳನ್ನು ಸುತ್ತಿಕೊಳ್ಳುತ್ತದೆ. ಆದ್ದರಿಂದಲೇ ಆಫ್ರಿಕಾ ಮೂಲದವರ ಕೂದಲು ಸುಲಭವಾಗಿ ಜಟೆಯಾಗುತ್ತದೆ. ನೇರ ಕೂದಲಿನವರು ಹಿಮ್ಮುಖವಾಗಿ ಬಾಚಿ, ಸಣ್ಣ ಕ್ರೋಶಾ ಕಡ್ಡಿಯಿಂದ ಎಳೆಗಳನ್ನು ಒಳಕ್ಕೆ ಎಳೆದು ಸಿಕ್ಕಿಸಬೇಕಾಗುತ್ತದೆ.

ಮನುಷ್ಯನ ತಲೆಯಿಂದ ದಿನಕ್ಕೆ 50ರಿಂದ 100 ಕೂದಲುಗಳು ಸಹಜವಾಗಿ ಉದುರುತ್ತವೆ. ಬಾಚುವವರಲ್ಲಿ ಅವು ಬಾಚಣಿಗೆಗೆ ಬರುತ್ತವೆ. ಜಟೆಯಲ್ಲಿ ಅಲ್ಲೇ ಸಿಲುಕಿ ಅದರ ಒಡಲನ್ನು ತುಂಬುತ್ತವೆ. ಕೂದಲಿನ ಜೊತೆಗೆ ಟವೆಲಿನ ನೂಲು, ಧೂಳು, ಹಚ್ಚಿದ ಜೆಲ್ಲು, ಸೋಪಿನ ಗಸಿ ಎಲ್ಲವೂ ಹಾಗೆಯೇ ಸಿಲುಕುತ್ತವೆ. ಜಟೆಯ ಪೋಷಣೆಯ ಕಷ್ಟವೆಲ್ಲ ಇಲ್ಲಿದೆ.

ಇನ್ನು ಕಾಲದ ಲೆಕ್ಕ. ಕೂದಲು ತಿಂಗಳಿಗೆ ಸುಮಾರು 1.25 ಸೆಂಟಿಮೀಟರ್, ವರ್ಷಕ್ಕೆ ಸುಮಾರು 15 ಸೆಂಟಿಮೀಟರ್ ಬೆಳೆಯುತ್ತದೆ. ಹಾಕಿದ ಜಟೆ ಬಿಗಿಯಾಗಿ ಕೂರಲು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಬೇಕು. ಸಿಕ್ಕಾಗುವಾಗ ಎಳೆ ಕುಗ್ಗುವುದರಿಂದ 75 ಸೆಂಟಿಮೀಟರ್ ಉದ್ದದ ಜಟೆಯ ಹಿಂದೆ ಐದು ವರ್ಷಕ್ಕೂ ಮೀರಿದ ಬೆಳವಣಿಗೆ ಇರುತ್ತದೆ. ಅದು ಕೆಟ್ಟರೆ ಕತ್ತರಿಸುವುದೊಂದೇ ದಾರಿಯಾಗಬಹುದು. ಒಂದು ಡಬ್ಬಿ ಕಳಪೆ ಮೇಣದಿಂದ ಐದು ವರ್ಷದ ಬೆಳೆ ಹಾಳಾದ ಗ್ರಾಹಕ ಆ ತಯಾರಕನ ಹೆಸರನ್ನು ಮರೆಯಲಾರ.

ಬುಡ ತಿರುಚುವುದು

ಹೊಸದಾಗಿ ಬೆಳೆದ ಬುಡದ ಕೂದಲನ್ನು ನಾಲ್ಕರಿಂದ ಆರು ವಾರಗಳಿಗೊಮ್ಮೆ ಬೆರಳಿನಿಂದಲೋ ಸಣ್ಣ ಬಾಚಣಿಗೆಯಿಂದಲೋ ತಿರುಚಿ ಜಟೆಗೆ ಸೇರಿಸಬೇಕು. ತಿರುಚಿದ್ದು ಬಿಚ್ಚಿಕೊಳ್ಳದಂತೆ ಕ್ಲಿಪ್ಪು ಹಾಕಿ, ಹದವಾದ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಇದನ್ನು ವಾರಕ್ಕೊಮ್ಮೆ ಮಾಡಿದರೆ ಬುಡ ತೆಳ್ಳಗಾಗಿ ಜಟೆಯ ಭಾರಕ್ಕೆ ಕಿತ್ತುಬರುತ್ತದೆ. ಅಚ್ಚುಕಟ್ಟಿನ ಆಸೆಗೆ ಬಿದ್ದವರು ಮಾಡುವ ಮೊದಲ ತಪ್ಪು ಇದೇ.

ತಿರುಚಿದ ಬುಡವನ್ನು ಹಿಡಿದಿಡಲು ಹಿಂದೆ ಜೇನುಮೇಣವನ್ನು ಧಾರಾಳವಾಗಿ ಬಳಸುತ್ತಿದ್ದರು. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಅಷ್ಟು ಬಿಸಿಯ ನೀರನ್ನು ತಲೆ ತಡೆಯದು. ಹೀಗಾಗಿ ಒಮ್ಮೆ ಒಳಸೇರಿದ ಮೇಣ ತೊಳೆದರೂ ಹೊರಬರದೆ ಧೂಳನ್ನು ಸೆಳೆದುಕೊಂಡು ಉಳಿಯುತ್ತದೆ. ಪೆಟ್ರೋಲಿಯಂ ಜೆಲ್ಲಿಯೂ ಸುಲಭವಾಗಿ ಬಿಡುವಂಥದಲ್ಲ. ಇವುಗಳ ಬದಲಿಗೆ ಬೇಕಾದುದು ನೀರಿನಲ್ಲಿ ಕರಗುವ ಹಗುರ ಜೆಲ್ಲು. ಲೋಳೆಸರದ ಜೆಲ್ಲು ಈಗ ಸಾಮಾನ್ಯವಾಗಿ ಬಳಕೆಯಲ್ಲಿದೆ. ಆದರೆ ಅಂಟುಗುಣ ಹೆಚ್ಚಿಸಲೆಂದು ಮಂದಕಾರಕಗಳನ್ನು ಅತಿಯಾಗಿ ಬೆರೆಸಿದ ಜೆಲ್ಲು ಒಣಗಿದಾಗ ಬಿಳಿಯ ಹೊಟ್ಟಾಗಿ ಉದುರುತ್ತದೆ. ಕಪ್ಪು ಉಣ್ಣೆಯ ದಾರವನ್ನು ಹುರಿಮಾಡಿ, ಅದಕ್ಕೆ ಜೆಲ್ಲು ಸವರಿ ಒಣಗಿಸಿ, ಬಳಿಕ ತೊಳೆದು ಮತ್ತೆ ಒಣಗಿಸಿ ನೋಡಿದರೆ ತಯಾರಕರಿಗೆ ತಮ್ಮ ಸರಕಿನ ಯೋಗ್ಯತೆ ಖರ್ಚಿಲ್ಲದೆ ತಿಳಿಯುತ್ತದೆ.

ತೊಳೆಯುವುದು, ಒಣಗಿಸುವುದು

ವಾರಕ್ಕೋ ಎರಡು ವಾರಕ್ಕೋ ಒಮ್ಮೆ ತಲೆ ತೊಳೆಯುವುದು ರೂಢಿ. ಹೊಳಪು ನೀಡುವ ಸಿಲಿಕೋನು, ನುಣುಪು ತರುವ ಕಂಡಿಷನರ್ ಅಂಶಗಳಿಗೆ ಎಳೆಯ ಮೇಲೆ ಲೇಪವಾಗಿ ಉಳಿಯುವುದೇ ಕೆಲಸ. ಅವು ಜಟೆಯನ್ನು ಸಡಿಲಿಸುತ್ತವೆ, ಒಳಗೆ ಶೇಖರವಾಗುತ್ತವೆ. ಆದ್ದರಿಂದ ಇವಿಲ್ಲದ, ಶೇಷ ಉಳಿಸದ ಶಾಂಪೂಗೆ ಬೆಲೆ ಹೆಚ್ಚು. ಸಾಬೂನಂತೂ ಗಡಸು ನೀರಿನೊಡನೆ ಸೇರಿ ಕರಗದ ಗಸಿಯಾಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ಬಟ್ಟೆ ಒಗೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗಿಡಮೂಲಿಕೆಯ ಸರಕು ತಯಾರಿಸುವ ಕರ್ನಾಟಕದ ಸಣ್ಣ ಘಟಕಗಳಿಗೆ ಇಲ್ಲಿ ಅವಕಾಶವೂ ಇದೆ, ಅಪಾಯವೂ ಇದೆ. ಅಂಟುವಾಳದ ನೊರೆ ಸಾಪೋನಿನ್ ಎಂಬ ಸಹಜ ದ್ರವ್ಯದಿಂದ ಬರುವಂಥದು. ಸಾಬೂನಿನಂತೆ ಗಡಸು ನೀರಿನಲ್ಲಿ ಗಸಿಗಟ್ಟುವುದಿಲ್ಲ. ಸೀಗೆಕಾಯಿಯಲ್ಲಿಯೂ ಇದೇ ದ್ರವ್ಯವಿದೆ. ಆದರೆ ಇವುಗಳ ಪುಡಿಯನ್ನು ಜಟೆಗೆ ಎಂದಿಗೂ ಹಚ್ಚಬಾರದು. ಬಾಚುವ ಕೂದಲಿನಿಂದ ಉದುರಿಹೋಗುವ ಕಣಗಳು ಜಟೆಯೊಳಗೆ ಹೊಕ್ಕರೆ ಹೊರಬರಲಾರವು. ಕುದಿಸಿ ನಯವಾಗಿ ಸೋಸಿದ ಕಷಾಯವಷ್ಟೇ ಯೋಗ್ಯ. ಆ ಕಷಾಯ ಕೆಲವೇ ದಿನಗಳಲ್ಲಿ ಹುಳಿಯುವುದರಿಂದ ಅನುಮತಿಸಲ್ಪಟ್ಟ ಸಂರಕ್ಷಕವಿಲ್ಲದೆ ಅದನ್ನು ಬಾಟಲಿಗೆ ತುಂಬಿ ಸಮುದ್ರ ದಾಟಿಸುವಂತಿಲ್ಲ.

ತೊಳೆಯುವುದಕ್ಕಿಂತ ಒಣಗಿಸುವುದು ಮುಖ್ಯ. ಕೂದಲೆಳೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ನೀರು ಹೀರಬಲ್ಲದು. ಎಳೆಗಳ ಸಂದಿನಲ್ಲಿ ನಿಲ್ಲುವ ನೀರು ಅದಕ್ಕೂ ಮೇಲೆ. ಹೊರಗೆ ಒಣಗಿದಂತೆ ಕಂಡರೂ ದಪ್ಪ ಜಟೆಯ ನಡುವೆ ತೇವವಿರುತ್ತದೆ. ಒದ್ದೆ ಜಟೆಯನ್ನು ಟೋಪಿಯೊಳಗೆ ಮುಚ್ಚಿಟ್ಟರೆ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುತ್ತದೆ. ಈ ಕಾರಣಕ್ಕೆ ಬೆಳಿಗ್ಗೆ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒಂದೊಂದೇ ಜಟೆಯನ್ನು ಹಿಂಡಿ, ಬಿಸಿಲು ಅಥವಾ ಹೇರ್ ಡ್ರೈಯರ್‌ನಲ್ಲಿ ಒಣಗಿಸುವುದು ಕ್ರಮ. ಗುಂಗುರು ಕೂದಲಿನ ತುದಿಯವರೆಗೆ ನೆತ್ತಿಯ ಜಿಡ್ಡು ಇಳಿಯದ ಕಾರಣ ತುಸು ಎಣ್ಣೆ ಬೇಕೇ ಬೇಕು. ಆದರೆ ನೆತ್ತಿಗೆ ಹಗುರವಾದ ಎಣ್ಣೆಯ ನಾಲ್ಕಾರು ಹನಿ ಸಾಕು. ಬೊಗಸೆಗಟ್ಟಲೆ ಎಣ್ಣೆ ಒತ್ತುವ ಪದ್ಧತಿ ಜಟೆಗೆ ಒಗ್ಗದು.

ಉದ್ದನೆಯ ಜಟೆಯ ವಿನ್ಯಾಸ

ಬೆನ್ನಿನವರೆಗೆ ಇಳಿದ ಜಟೆ ಭಾರವಾದುದು. ಹಿಂದಕ್ಕೆ ಸೇರಿಸಿ ಕಟ್ಟುವುದು, ನೆತ್ತಿಯ ಮೇಲೆ ತುರುಬು ಹಾಕುವುದು, ಎರಡೆರಡು ಜಟೆಗಳನ್ನು ಹುರಿಯಂತೆ ಹೊಸೆಯುವುದು, ನಾಲ್ಕಾರನ್ನು ಸೇರಿಸಿ ಹೆಣೆಯುವುದು ಪುರುಷರಲ್ಲಿ ಪ್ರಚಲಿತವಿರುವ ವಿನ್ಯಾಸಗಳು. ಯಾವುದೇ ಆಗಲಿ, ದಿನವೂ ಒಂದೇ ಕಡೆ ಬಿಗಿದು ಕಟ್ಟಿದರೆ ಹಣೆಯಂಚಿನ ಕೂದಲು ಎಳೆತಕ್ಕೆ ಉದುರುತ್ತದೆ. ಬಹುಕಾಲ ಹೀಗಾದರೆ ಮರಳಿ ಬೆಳೆಯುವುದಿಲ್ಲ. ರಬ್ಬರ್ ಬ್ಯಾಂಡ್ ಬೇಡ, ಅಗಲವಾದ ಬಟ್ಟೆಯ ಪಟ್ಟಿ ಬೇಕು. ರಾತ್ರಿಗೆ ಸ್ಯಾಟಿನ್ ಅಥವಾ ರೇಷ್ಮೆಯ ಉದ್ದ ಚೀಲದಂಥ ಟೋಪಿ, ದಿಂಬಿಗೆ ಅದೇ ಬಟ್ಟೆಯ ಗವಸು ಬೇಕಾಗುತ್ತವೆ. ಹತ್ತಿಯ ದಿಂಬು ನೂಲು ಬಿಡುತ್ತದೆ, ಎಣ್ಣೆ ಹೀರುತ್ತದೆ. ಇವುಗಳನ್ನು ಹೊಲಿಯಲು ದೊಡ್ಡ ಕಾರ್ಖಾನೆ ಬೇಕಿಲ್ಲ. ಪೇಟೆಯಲ್ಲಿ ಸಿಗುವ ಅಳತೆಯ ಟೋಪಿಯಲ್ಲಿ ಉದ್ದ ಜಟೆ ಹಿಡಿಸದು ಎಂಬುದನ್ನಷ್ಟು ನೆನಪಿಡಬೇಕು.

ಕೂದಲು ವ್ಯಾಪಾರದೊಡನೆ ಸಂಬಂಧ

ಉದ್ದ ಸಾಲದವರು, ತುಂಡಾದ ಜಟೆ ಸರಿಪಡಿಸಬೇಕಾದವರು ಮನುಷ್ಯರ ಕೂದಲನ್ನೇ ಸೇರಿಸಿಕೊಳ್ಳುತ್ತಾರೆ. ಕೊಪ್ಪಳದ ಭಾಗ್ಯನಗರದಲ್ಲಿ ಕೂದಲು ಸಂಸ್ಕರಣೆಯೇ ಮುಖ್ಯ ಉದ್ಯೋಗವಾಗಿರುವುದರಿಂದ ಈ ಅಂಶ ರಾಜ್ಯಕ್ಕೆ ನೇರವಾಗಿ ತಟ್ಟುತ್ತದೆ. ಬುಡ-ತುದಿ ಒಂದೇ ದಿಕ್ಕಿನಲ್ಲಿರುವ ಮುಡಿಗೂದಲಿಗೆ ವಿಗ್ ತಯಾರಿಕೆಯಲ್ಲಿ ಹೆಚ್ಚಿನ ಬೆಲೆ. ಮನೆಮನೆಯಿಂದ ಪಾತ್ರೆ, ಪಿನ್ನುಗಳಿಗೆ ಬದಲಾಗಿ ಸಂಗ್ರಹಿಸಿದ ಬಾಚಣಿಗೆಯ ಕೂದಲಿನಲ್ಲಿ ಎಳೆಗಳ ದಿಕ್ಕು ಬೆರೆತು ಬೇಗ ಸಿಕ್ಕಾಗುವುದರಿಂದ ಬೆಲೆ ಕಡಿಮೆ. ಜಟೆಗೆ ಬೇಕಾದುದು ಸಿಕ್ಕಾಗುವ ಕೂದಲೇ. ಹಾಗೆಂದು ನೇರ ಕೂದಲನ್ನು ಹಾಗೆಯೇ ಕಳುಹಿಸಿದರೆ ಅದು ಗುಂಗುರಿನೊಡನೆ ಬೆರೆಯದೆ ಜಾರಿಹೋಗುತ್ತದೆ. ಸಣ್ಣ ಕಡ್ಡಿಗಳಿಗೆ ಬಿಗಿಯಾಗಿ ಸುತ್ತಿ ಹಬೆಯಲ್ಲಿಟ್ಟು ಸ್ಥಿರವಾದ ಗುಂಗುರು ಮೂಡಿಸಬೇಕು. ಬರಿಯ ನೀರಿನಲ್ಲಿ ನೆನೆಸಿ ಸುತ್ತಿದ ಗುಂಗುರು ಮೊದಲ ಸ್ನಾನಕ್ಕೇ ಬಿಚ್ಚಿಕೊಳ್ಳುತ್ತದೆ.

ರಫ್ತಿನ ನಿಯಮವೂ ಸಂಸ್ಕರಣೆಗೇ ಅನುಕೂಲವಾಗಿದೆ. ಶೀರ್ಷಿಕೆ 0501ರ ಕಚ್ಚಾ ಕೂದಲಿನ ರಫ್ತನ್ನು ಕೇಂದ್ರ ಸರ್ಕಾರ 2022ರ ಜನವರಿಯಲ್ಲಿ ನಿರ್ಬಂಧಿತ ವರ್ಗಕ್ಕೆ ಸೇರಿಸಿತು. 2025ರ ಜನವರಿಯಲ್ಲಿ ಕಿಲೋಗೆ 65 ಡಾಲರಿಗಿಂತ ಕಡಿಮೆ ಮೌಲ್ಯದ ಕಚ್ಚಾ ಕೂದಲಿನ ರಫ್ತನ್ನು ನಿಷೇಧಿಸಿತು. ಸಂಸ್ಕರಿಸಿದ ಕೂದಲು 6703, ವಿಗ್ ಹಾಗೂ ಜೋಡಣೆಯ ಕೂದಲು 6704ರ ಅಡಿಯಲ್ಲಿ ಬರುತ್ತವೆ. ಸರಕು ಕಳುಹಿಸುವ ಮುನ್ನ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಇತ್ತೀಚಿನ ಅಧಿಸೂಚನೆಯನ್ನು ಪರಿಶೀಲಿಸತಕ್ಕದ್ದು.

ಶಾಂಪೂ, ಜೆಲ್ಲುಗಳ ತಯಾರಿಕೆಗೆ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ರಾಜ್ಯದ ಪ್ರಾಧಿಕಾರದಿಂದ ಪರವಾನಗಿ ಪಡೆಯಬೇಕು. ಐರೋಪ್ಯ ಒಕ್ಕೂಟಕ್ಕೆ ಕಳುಹಿಸುವುದಾದರೆ ಅಲ್ಲಿಯೇ ನೆಲೆಸಿದ ಹೊಣೆಗಾರ ವ್ಯಕ್ತಿ ಅಥವಾ ಸಂಸ್ಥೆಯ ಹೆಸರು ಲೇಬಲ್ ಮೇಲಿರಬೇಕು, ಸುರಕ್ಷತಾ ವರದಿ ಸಿದ್ಧವಿರಬೇಕು.

ಮಣಿಗಳ ವಿಷಯದಲ್ಲಿ ಒಂದು ಮಾತು. ಜಟೆಗೆ ಮರದ ಮಣಿ ಪೋಣಿಸುವ ರೂಢಿ ಇರುವುದರಿಂದ ಚನ್ನಪಟ್ಟಣದ ಕುಶಲಕರ್ಮಿಗಳ ನೆನಪಾಗುವುದು ಸಹಜ. ಆದರೆ ಸರದ ಮಣಿಯ ರಂಧ್ರ ದಾರದಷ್ಟು. ಜಟೆಯ ಮಣಿಯ ರಂಧ್ರ ಪೆನ್ಸಿಲ್ ತೂರುವಷ್ಟಾದರೂ ಇರಬೇಕು, ಒಳಮೈಯಲ್ಲಿ ಸಿಬಿರು ಉಳಿದಿರಬಾರದು. ಧರಿಸುವವರು ಸ್ನಾನಕ್ಕೂ ಮಣಿ ತೆಗೆಯುವುದಿಲ್ಲ. ಅರಗಿನ ಲೇಪ ಬಹಳ ಹೊತ್ತು ಒದ್ದೆಯಿದ್ದರೆ ಮಂಕಾಗಿ ಬೆಳ್ಳಗಾಗುತ್ತದೆ. ಆದ್ದರಿಂದ ಈ ಮಣಿಗಳಿಗೆ ನೀರು ತಡೆಯುವ ಬೇರೆ ಲೇಪವನ್ನೇ ಬಳಸಬೇಕಾಗುತ್ತದೆ.