ಕಾಗದದಲ್ಲಿ ಮೈತಳೆಯುವ ಉಗಿ ಇಂಜಿನು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಕ್ಕಳೂ ಆಟವಾಡುವಾಗ ಒಬ್ಬರ ಅಂಗಿ ಇನ್ನೊಬ್ಬರು ಹಿಡಿದು ‘ಚುಕುಬುಕು ಚುಕುಬುಕು’ ಎಂದು ಸಾಲಾಗಿ ಓಡುತ್ತಾರೆ. ವಿಚಿತ್ರವೆಂದರೆ, ಚುಕುಬುಕು ಎನ್ನುವ ಇಂಜಿನು ಈ ಊರುಗಳ ಮೂಲಕ ಪ್ರಯಾಣಿಕರ ಗಾಡಿಯನ್ನು ಎಳೆದದ್ದೇ ಇಲ್ಲ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಂದ ಉತ್ತರಕ್ಕೆ, ಉಡುಪಿಯವರೆಗೆ ಹಳಿ ಬರಲು 1993ರ ಮಾರ್ಚ್ ತಿಂಗಳವರೆಗೆ ಕಾಯಬೇಕಾಯಿತು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನವರೆಗಿನ ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದುಕೊಂಡದ್ದು 1998ರ ಜನವರಿ 26ರಂದು. ಅಷ್ಟರಲ್ಲಿ ದೇಶದ ಬ್ರಾಡ್‌ಗೇಜ್ ಹಳಿಗಳ ಮೇಲೆ ಉಗಿ ಇಂಜಿನುಗಳ ನಿತ್ಯದ ಓಡಾಟ ಮುಗಿದಿತ್ತು. ಹೀಗಾಗಿ ಬಾರ್ಕೂರು, ಕುಂದಾಪುರ, ಸೇನಾಪುರ, ಬಿಜೂರು, ಬೈಂದೂರು ನಿಲ್ದಾಣಗಳಿಗೆ ಮೊದಲು ಬಂದದ್ದೇ ಡೀಸೆಲ್ ಇಂಜಿನು. 2022ರಲ್ಲಿ ಈ ಮಾರ್ಗದ ವಿದ್ಯುದೀಕರಣವೂ ಮುಗಿಯಿತು.

ವಿದ್ಯುತ್ ಇಂಜಿನು ಬಲಶಾಲಿ, ಹೊಗೆಯಿಲ್ಲದ್ದು. ಆದರೆ ಅದು ಹೇಗೆ ಓಡುತ್ತದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಮೋಟಾರುಗಳೆಲ್ಲ ಗಾಲಿಗಳ ನಡುವೆ ಅಡಗಿ ಕುಳಿತಿರುತ್ತವೆ. ಉಗಿ ಇಂಜಿನು ಹಾಗಲ್ಲ. ಅದರ ಕೈಕಾಲುಗಳೆಲ್ಲ ಹೊರಗೇ ಇರುತ್ತವೆ. ಯಾವುದು ಯಾವುದನ್ನು ತಳ್ಳುತ್ತದೆ, ಯಾವುದು ತಿರುಗುತ್ತದೆ ಎಂಬುದನ್ನು ಕಣ್ಣಾರೆ ಕಂಡು ಕಲಿಯಬಹುದು. ವಿಜ್ಞಾನ ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಯಂತ್ರ ಸಿಗುವುದು ಕಷ್ಟ. ಹಳಿಯ ಮೇಲೆ ಅದು ಸಿಗದಿದ್ದರೇನಂತೆ? ಮೇಜಿನ ಮೇಲೆ, ಕಾಗದದಲ್ಲಿ ಅದನ್ನು ಕಟ್ಟಬಹುದು.

ಕಾಗದವೇ ಏಕೆ?

ಕಾಗದದಿಂದ ಇಂಜಿನು ಮಾಡುವುದು ಎಳೆಯ ಮಕ್ಕಳ ಆಟವಷ್ಟೇ ಅಲ್ಲ. ಬ್ರಿಟನ್ನಿನಲ್ಲಿ 1940ರ ದಶಕದಲ್ಲಿ, ಯುದ್ಧದಿಂದಾಗಿ ಬೇರೆ ಸಾಮಗ್ರಿಗಳಿಗೆ ಅಭಾವವಿದ್ದಾಗ, ‘ಮೈಕ್ರೋಮಾಡೆಲ್ಸ್’ ಎಂಬ ಪುಟ್ಟ ಕಾರ್ಡುಗಳು ಜನಪ್ರಿಯವಾದವು. ಅಂಚೆಕಾರ್ಡಿನಷ್ಟು ಗಾತ್ರದ ಕೆಲವು ಹಾಳೆಗಳಲ್ಲಿ ಇಡೀ ಇಂಜಿನಿನ ಭಾಗಗಳು ಅಚ್ಚಾಗಿರುತ್ತಿದ್ದವು. ಕತ್ತರಿಸಿ ಅಂಟಿಸುವುದಷ್ಟೇ ಕೆಲಸ. ಪೋಲೆಂಡಿನಲ್ಲಿ 1957ರಲ್ಲಿ ಇಂತಹ ಮಾದರಿಗಳಿಗಾಗಿಯೇ ಒಂದು ಪತ್ರಿಕೆ ಹುಟ್ಟಿಕೊಂಡಿತು. ಅದರ ಹೆಸರಿನ ಅರ್ಥವೇ ‘ಪುಟ್ಟ ಮಾದರಿಗಾರ’.

ನಮ್ಮ ಕರಾವಳಿಗೂ ಈ ಕೈಕೆಲಸ ಹೊಸದಲ್ಲ. ದೀಪಾವಳಿಗೆ ಬಿದಿರ ಕಡ್ಡಿಯ ಚೌಕಟ್ಟು ಕಟ್ಟಿ, ಬಣ್ಣದ ಕಾಗದ ಅಂಟಿಸಿ ಗೂಡುದೀಪ ಮಾಡುವ ಮಕ್ಕಳಿಗೆ ಅಳತೆ, ಮಡಿಕೆ, ಅಂಟು ಮೂರೂ ಗೊತ್ತು. ಕುಂದಾಪುರದ ಪಕ್ಕದ ಉಪ್ಪಿನಕುದ್ರು ಯಕ್ಷಗಾನ ಸೂತ್ರದ ಗೊಂಬೆಗಳಿಗೆ ಹೆಸರಾದ ಊರು. ಕೀಲು ಸರಿಯಿಲ್ಲದಿದ್ದರೆ ಗೊಂಬೆ ಕುಣಿಯದು ಎಂಬುದನ್ನು ಅಲ್ಲಿಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಉಗಿ ಇಂಜಿನಿನ ಗುಟ್ಟೂ ಕೀಲಿನಲ್ಲಿಯೇ ಇದೆ.

ಯಾವ ಇಂಜಿನು?

ಮೊದಲ ಪ್ರಯತ್ನಕ್ಕೆ ‘ವೈಪಿ’ ಇಂಜಿನು ಅನುಕೂಲ. ಭಾರತೀಯ ರೈಲಿನಲ್ಲಿ ‘ಡಬ್ಲ್ಯೂ’ ಎಂದರೆ ಬ್ರಾಡ್‌ಗೇಜ್, ‘ವೈ’ ಎಂದರೆ ಮೀಟರ್‌ಗೇಜ್, ‘ಪಿ’ ಎಂದರೆ ಪ್ರಯಾಣಿಕರ ಗಾಡಿ, ‘ಜಿ’ ಎಂದರೆ ಸರಕು ಗಾಡಿ. ಇಂದು ಕುಂದಾಪುರದಲ್ಲಿ ಹಾದುಹೋಗುವ ವಿದ್ಯುತ್ ಇಂಜಿನಿನ ಮೈಮೇಲೆ ‘ಡಬ್ಲ್ಯೂಎಪಿ–7’ ಎಂದು ಬರೆದಿದ್ದರೆ ಅದರಲ್ಲಿರುವುದೂ ಇದೇ ಅಕ್ಷರಮಾಲೆ. ನಡುವಿನ ‘ಎ’ ಅಂದರೆ ಪರ್ಯಾಯ ವಿದ್ಯುತ್ತು.

ವೈಪಿ ಇಂಜಿನುಗಳನ್ನು ಜಮ್‌ಶೆಡ್‌ಪುರದ ಟೆಲ್ಕೋ ಕಾರ್ಖಾನೆ ದೊಡ್ಡ ಸಂಖ್ಯೆಯಲ್ಲಿ ತಯಾರಿಸಿತ್ತು. ಮೈಸೂರು, ಅರಸೀಕೆರೆ, ಹುಬ್ಬಳ್ಳಿಯ ಮಾರ್ಗಗಳು ಮೀಟರ್‌ಗೇಜ್ ಆಗಿದ್ದ ಕಾಲದಲ್ಲಿ ಕನ್ನಡಿಗರು ಕುಳಿತ ಗಾಡಿಗಳನ್ನು ಎಳೆದದ್ದು ಇಂತಹ ಇಂಜಿನುಗಳೇ. ಇದರ ಗಾಲಿಗಳ ಜೋಡಣೆ 4–6–2. ಮುಂದೆ ದಾರಿ ತೋರುವ ನಾಲ್ಕು ಚಿಕ್ಕ ಗಾಲಿಗಳು, ನಡುವೆ ಎಳೆಯುವ ಆರು ದೊಡ್ಡ ಗಾಲಿಗಳು, ಹಿಂದೆ ಭಾರ ಹೊರುವ ಎರಡು ಗಾಲಿಗಳು. ಈ ಜೋಡಣೆಗೆ ‘ಪೆಸಿಫಿಕ್’ ಎಂದು ಹೆಸರು.

ಐವತ್ತನೇ ಒಂದು

ಮಾದರಿಯ ಅಳತೆಯನ್ನು 1:50 ಎಂದು ಇಟ್ಟುಕೊಂಡರೆ ಲೆಕ್ಕ ಸುಲಭ. ಮೀಟರ್‌ಗೇಜಿನಲ್ಲಿ ಹಳಿಗಳ ನಡುವಿನ ಅಂತರ 1000 ಮಿ.ಮೀ. ಮಾದರಿಯಲ್ಲಿ ಅದು 20 ಮಿ.ಮೀ. ವೈಪಿಯ ದೊಡ್ಡ ಗಾಲಿಯ ವ್ಯಾಸ 1372 ಮಿ.ಮೀ. ಮಾದರಿಯಲ್ಲಿ 27 ಮಿ.ಮೀ.ಗಿಂತ ತುಸು ಹೆಚ್ಚು. ಪಿಸ್ಟನ್ ಒಮ್ಮೆ ಚಲಿಸುವ ದೂರ ಸುಮಾರು 610 ಮಿ.ಮೀ., ಅಂದರೆ ಇಲ್ಲಿ 12 ಮಿ.ಮೀ.

ಇಲ್ಲಿ ಒಂದು ಪ್ರಶ್ನೆ. ಉದ್ದ ಐವತ್ತನೇ ಒಂದು ಭಾಗವಾದರೆ ತೂಕವೂ ಐವತ್ತನೇ ಒಂದು ಭಾಗವೇ? ಅಲ್ಲ. ಉದ್ದ, ಅಗಲ, ಎತ್ತರ ಮೂರೂ ಐವತ್ತು ಪಟ್ಟು ಕುಗ್ಗುವುದರಿಂದ ಘನ ಅಳತೆ 50×50×50, ಅಂದರೆ 1,25,000 ಪಟ್ಟು ಕುಗ್ಗುತ್ತದೆ. ನಿಜವಾದ ಇಂಜಿನಿನ ಒಂದು ಟನ್ ಕಬ್ಬಿಣ ಈ ಮಾದರಿಯಲ್ಲಿ ಕೇವಲ 8 ಗ್ರಾಂ! ಪುಸ್ತಕದಲ್ಲಿ ಹತ್ತು ಸಲ ಓದಿದರೂ ಮನಸ್ಸಿಗೆ ನಾಟದ ಈ ಮಾತು, ಮಾದರಿಯನ್ನು ಅಂಗೈಯಲ್ಲಿ ಹಿಡಿದಾಗ ತಾನಾಗಿ ನಾಟುತ್ತದೆ.

ಬೇಕಾಗುವ ಸಾಮಾನು

ದಪ್ಪ ಡ್ರಾಯಿಂಗ್ ಹಾಳೆ, ಹಳೆಯ ನೋಟ್ ಪುಸ್ತಕದ ರಟ್ಟು, ಮನೆಗೆ ಬಂದ ಮದುವೆ ಕಾಗದಗಳು, ಕಂಪಾಸ್ ಪೆಟ್ಟಿಗೆ, ಸ್ಟೀಲಿನ ಸ್ಕೇಲು, ಕತ್ತರಿ, ಬ್ಲೇಡು, ಫೆವಿಕಾಲ್, ಖಾಲಿಯಾದ ಬಾಲ್‌ಪೆನ್ ರಿಫಿಲ್ ಮತ್ತು ಉರಿದು ಮುಗಿದ ಊದುಬತ್ತಿಯ ಕಡ್ಡಿಗಳು. ಬ್ಲೇಡಿನ ಕೆಲಸ ನಡೆಯುವಾಗ ಹಿರಿಯರು ಪಕ್ಕದಲ್ಲಿರಬೇಕು.

ಗೂಡುದೀಪಕ್ಕೆ ಬಳಸುವ ಮೈದಾ ಅಂಟು ಇಲ್ಲಿ ಬೇಡ. ಅದರಲ್ಲಿ ನೀರು ಹೆಚ್ಚು. ಕಾಗದ ಎಂದರೆ ಸಸ್ಯದ ನಾರುಗಳ ಹೆಣಿಗೆ. ನೀರು ಕುಡಿದ ನಾರು ಅಡ್ಡಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಹಾಳೆ ಸೊಟ್ಟಗಾಗುತ್ತದೆ. ಇದೇ ಕಾರಣಕ್ಕೆ ನಮ್ಮ ಕಡೆಯ ಜೂನ್–ಜುಲೈ ತಿಂಗಳ ಮಳೆ ಈ ಕೆಲಸಕ್ಕೆ ಹೇಳಿಸಿದ್ದಲ್ಲ. ದಸರಾ ರಜೆಯಲ್ಲೋ ಬೇಸಿಗೆ ರಜೆಯಲ್ಲೋ ಮಾಡಿ ಮುಗಿಸಿ, ಒಂದು ಕೈ ವಾರ್ನಿಷ್ ಕೊಟ್ಟಿಟ್ಟರೆ ಮಳೆಗಾಲವನ್ನು ತಾಳಿಕೊಳ್ಳುತ್ತದೆ.

ನಾರಿನ ದಿಕ್ಕನ್ನೂ ನೋಡಬೇಕು. ಹಾಳೆಯನ್ನು ಎರಡೂ ಕಡೆಗೆ ಮೆಲ್ಲನೆ ಬಾಗಿಸಿ ನೋಡಿ. ಒಂದು ಕಡೆಗೆ ಸುಲಭವಾಗಿ ಸುರುಳಿಯಾಗುತ್ತದೆ, ಇನ್ನೊಂದು ಕಡೆಗೆ ಎದುರು ನಿಲ್ಲುತ್ತದೆ. ಬಾಯ್ಲರಿನಂತಹ ಕೊಳವೆಗಳನ್ನು ಸುಲಭದ ದಿಕ್ಕಿನಲ್ಲೇ ಸುತ್ತಬೇಕು.

ಬಾಯ್ಲರು ಮತ್ತು ಚಿಮಿಣಿ

ಬಾಯ್ಲರಿನ ವ್ಯಾಸ 30 ಮಿ.ಮೀ. ಎಂದಿಟ್ಟುಕೊಳ್ಳಿ. ಪರಿಧಿ 3.14×30, ಅಂದರೆ 94.2 ಮಿ.ಮೀ. ಅಷ್ಟೇ ಅಗಲದ ಹಾಳೆ ಸುತ್ತಿದರೆ ಬಾಯ್ಲರು ಒಂದು ಕೂದಲೆಳೆ ದಪ್ಪಗಾಗುತ್ತದೆ. ಏಕೆಂದರೆ ಹಾಳೆಗೂ ದಪ್ಪವಿದೆ. 0.3 ಮಿ.ಮೀ. ದಪ್ಪದ ಹಾಳೆಯಾದರೆ ಅದನ್ನು ವ್ಯಾಸದಿಂದ ಕಳೆದು 3.14×29.7, ಅಂದರೆ 93.3 ಮಿ.ಮೀ. ತೆಗೆದುಕೊಳ್ಳಬೇಕು. ಅಂಟಿಸಲು 5 ಮಿ.ಮೀ. ಪಟ್ಟಿ ಬೇರೆ. ಕೊಳವೆ ಚಪ್ಪಟೆಯಾಗದಂತೆ ಒಳಗೆ ನಾಲ್ಕು ಸೆಂ.ಮೀ.ಗೊಂದರಂತೆ ರಟ್ಟಿನ ದುಂಡು ಬಿಲ್ಲೆಗಳನ್ನು ಕೂರಿಸಬೇಕು.

ಮೇಲಕ್ಕೆ ಕಿರಿದಾಗುತ್ತ ಹೋಗುವ ಚಿಮಿಣಿಯಲ್ಲಿ ಶಂಕುವಿನ ಪಾಠವಿದೆ. ಕೆಳಗಿನ ತ್ರಿಜ್ಯ 8, ಮೇಲಿನ ತ್ರಿಜ್ಯ 6, ಓರೆ ಎತ್ತರ 10 ಮಿ.ಮೀ. ಎಂದಿರಲಿ. ಹತ್ತು ಮಿ.ಮೀ.ಗೆ ತ್ರಿಜ್ಯ 2 ಕುಗ್ಗಿದರೆ, 8 ಪೂರ್ತಿ ಕುಗ್ಗಿ ಸೊನ್ನೆಯಾಗಲು 40 ಮಿ.ಮೀ. ಬೇಕು. ಹಾಳೆಯ ಮೇಲೆ ಒಂದೇ ಕೇಂದ್ರದಿಂದ 40 ಮತ್ತು 30 ಮಿ.ಮೀ. ತ್ರಿಜ್ಯದ ಎರಡು ಕಮಾನುಗಳನ್ನು ಎಳೆಯಿರಿ. ಕೋನ ಎಷ್ಟು? 360ನ್ನು 8/40ರಿಂದ ಗುಣಿಸಿದರೆ 72 ಡಿಗ್ರಿ. ಅಷ್ಟು ತುಂಡನ್ನು ಅಂಟಿಸುವ ಪಟ್ಟಿಯೊಡನೆ ಕತ್ತರಿಸಿ ಸುತ್ತಿದರೆ ಚಿಮಿಣಿ ಸಿದ್ಧ. ಪ್ರೌಢಶಾಲೆಯ ಗಣಿತದಲ್ಲಿ ಶಂಕು ಯಾಕೆ ಬರುತ್ತದೆ ಎಂದು ಕೇಳುವ ಮಕ್ಕಳಿಗೆ ಇದೇ ಉತ್ತರ.

ಮಡಿಸುವ ಗೆರೆಗಳ ಮೇಲೆ ಮೊದಲು ಖಾಲಿ ರಿಫಿಲ್ಲಿನಿಂದ ಒತ್ತಿ ಎಳೆಯಬೇಕು. ಆಗ ಅಂಚು ನೇರವಾಗಿ ಬರುತ್ತದೆ. ಹಾಳೆಯ ಹಿಂಬದಿಯಿಂದ ಅದೇ ರಿಫಿಲ್ಲಿನಿಂದ ಸಾಲಾಗಿ ಚುಚ್ಚದಂತೆ ಒತ್ತಿದರೆ ಮುಂಬದಿಯಲ್ಲಿ ರಿವೆಟ್ ಮೊಳೆಗಳು ಮೂಡುತ್ತವೆ. ಬಣ್ಣವನ್ನು ಅಂಟಿಸುವ ಮೊದಲೇ ಹಚ್ಚಿ, ಕತ್ತರಿಸಿದ ಬಿಳಿ ಅಂಚಿಗೂ ಕಪ್ಪು ಬಳಿಯಿರಿ.

ಗಾಲಿಯ ಗುಟ್ಟು

ಪ್ರತಿ ಗಾಲಿಗೂ ರಟ್ಟಿನ ಎರಡು ಮೂರು ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಬೇಕು. ಒಳಬದಿಯ ಬಿಲ್ಲೆ ಮಾತ್ರ 29 ಮಿ.ಮೀ. ವ್ಯಾಸದ್ದಿರಲಿ. ಹಳಿಯಿಂದ ಗಾಲಿ ಜಾರದಂತೆ ತಡೆಯುವ ಎತ್ತರದ ಅಂಚು ಅದು. ಅಚ್ಚಿಗೆ ಊದುಬತ್ತಿಯ ಕಡ್ಡಿ ಸಾಕು.

ರೈಲನ್ನು ಹಳಿಯ ನಡುವೆ ಇಡುವುದು ಆ ಅಂಚೊಂದೇ ಅಲ್ಲ. ಗಾಲಿಯ ಮೈ ಹೊರಕ್ಕೆ ಹೋದಂತೆ ತುಸು ಕಿರಿದಾಗುವ ಶಂಕುವಿನ ಆಕಾರದಲ್ಲಿರುತ್ತದೆ. ಎರಡು ಕಾಗದದ ಚಹಾ ಲೋಟಗಳನ್ನು ಬಾಯಿಗೆ ಬಾಯಿ ಸೇರಿಸಿ ಅಂಟಿಸಿ, ಇಳಿಜಾರಾಗಿಟ್ಟ ಎರಡು ಸಮಾನಾಂತರ ಕೋಲುಗಳ ಮೇಲೆ ಉರುಳಿಸಿ ನೋಡಿ. ಪಕ್ಕಕ್ಕೆ ಸರಿದರೂ ತಾನಾಗಿ ನಡುವಿಗೆ ಬರುತ್ತದೆ. ತಳಕ್ಕೆ ತಳ ಸೇರಿಸಿ ಅಂಟಿಸಿದರೆ ಉರುಳಿ ಬೀಳುತ್ತದೆ.

ಇನ್ನು ಮುಖ್ಯ ಭಾಗ. ಮೂರೂ ದೊಡ್ಡ ಗಾಲಿಗಳನ್ನು ಒಂದು ಉದ್ದನೆಯ ಪಟ್ಟಿ ಜೋಡಿಸುತ್ತದೆ. ಪ್ರತಿ ಗಾಲಿಯಲ್ಲೂ ಕೇಂದ್ರದಿಂದ 6 ಮಿ.ಮೀ. ದೂರದಲ್ಲಿ ಗುಂಡುಸೂಜಿಯ ಕೀಲು. ಪಿಸ್ಟನ್ನಿನ ಓಟ 12 ಮಿ.ಮೀ. ಆದದ್ದರಿಂದ ಅದರ ಅರ್ಧ. ಪಟ್ಟಿಯ ರಂಧ್ರಗಳ ನಡುವಿನ ದೂರವೂ ಅಚ್ಚುಗಳ ನಡುವಿನ ದೂರವೂ ಒಂದೇ ಆಗಿರಬೇಕು. ಆಗ ಪಟ್ಟಿ, ಚೌಕಟ್ಟು, ಎರಡು ಕೀಲುಗಳು ಸೇರಿ ಸಮಾಂತರ ಚತುರ್ಭುಜವಾಗುತ್ತದೆ. ಗಾಲಿ ಎಷ್ಟು ತಿರುಗಿದರೂ ಪಟ್ಟಿ ನೆಲಕ್ಕೆ ಸಮಾನಾಂತರವಾಗಿಯೇ ಏರಿಳಿಯುತ್ತದೆ. ಅರ್ಧ ಮಿ.ಮೀ. ತಪ್ಪಿದರೂ ಗಾಲಿಗಳು ಕಚ್ಚಿ ನಿಲ್ಲುತ್ತವೆ. ಇದಕ್ಕೆ ಸ್ಕೇಲಿಗಿಂತ ಡಿವೈಡರ್ ಮೇಲು. ಒಮ್ಮೆ ತೆರೆದ ಡಿವೈಡರನ್ನು ಅಲುಗಿಸದೆ ಅಚ್ಚಿನ ಗುರುತನ್ನೂ ಪಟ್ಟಿಯ ಗುರುತನ್ನೂ ಅದರಿಂದಲೇ ಹಾಕಬೇಕು.

ಎಡ ಮತ್ತು ಬಲ ಬದಿಯ ಕೀಲುಗಳನ್ನು ಒಂದೇ ನೇರದಲ್ಲಿ ಕೂರಿಸಬಾರದು. ಒಂದು ಬದಿಯದು ಮುಂದಕ್ಕಿದ್ದರೆ ಇನ್ನೊಂದು ಬದಿಯದು ಮೇಲಕ್ಕಿರಬೇಕು. ನಡುವೆ 90 ಡಿಗ್ರಿ ಅಂತರ. ಪಿಸ್ಟನ್ ತುದಿ ಮುಟ್ಟಿದ ಕ್ಷಣದಲ್ಲಿ ಎಷ್ಟು ತಳ್ಳಿದರೂ ಗಾಲಿ ತಿರುಗದು. ಎರಡೂ ಬದಿ ಒಟ್ಟಿಗೆ ಅಲ್ಲಿ ನಿಂತರೆ ಇಂಜಿನು ಹೊರಡುವುದೇ ಇಲ್ಲ. ಅಂತರವಿದ್ದರೆ ಒಂದು ಬದಿ ಸೋತಾಗ ಇನ್ನೊಂದು ಬದಿ ಪೂರ್ಣ ಬಲದಲ್ಲಿರುತ್ತದೆ.

ಚುಕುಬುಕು ಎಲ್ಲಿಂದ?

ಬೆಂಕಿಯ ಪೆಟ್ಟಿಗೆಯ ಬಿಸಿಗಾಳಿ ಬಾಯ್ಲರಿನೊಳಗಿನ ಕೊಳವೆಗಳಲ್ಲಿ ಹಾದು ಸುತ್ತಲಿನ ನೀರನ್ನು ಕುದಿಸುತ್ತದೆ. ತೆರೆದ ಪಾತ್ರೆಯಲ್ಲಿ ಕುದಿದ ನೀರು ಆವಿಯಾದಾಗ ಸುಮಾರು 1600 ಪಟ್ಟು ಜಾಗ ಬೇಡುತ್ತದೆ. ಬಾಯ್ಲರಿನಲ್ಲಿ ಆ ಜಾಗವಿಲ್ಲ. ಹಾಗೆ ಒತ್ತಡದಲ್ಲಿ ಸಿಕ್ಕಿದ ಉಗಿಯನ್ನು ಸಿಲಿಂಡರಿಗೆ ಬಿಟ್ಟಾಗ ಅದು ಪಿಸ್ಟನ್ನನ್ನು ತಳ್ಳುತ್ತದೆ. ಕೆಲಸ ಮುಗಿಸಿದ ಉಗಿ ಚಿಮಿಣಿಯಿಂದ ರಭಸವಾಗಿ ಹೊರಬರುವಾಗ ಬೆಂಕಿಯ ಹೊಗೆಯನ್ನೂ ಎಳೆದುಕೊಂಡು ಬರುತ್ತದೆ, ಬೆಂಕಿ ಇನ್ನಷ್ಟು ಉರಿಯುತ್ತದೆ. ಆ ರಭಸದ ಸದ್ದೇ ‘ಚುಕ್’.

ಎರಡು ಸಿಲಿಂಡರು, ಪ್ರತಿಯೊಂದರಲ್ಲೂ ಪಿಸ್ಟನ್ನಿನ ಎರಡೂ ಬದಿಗೆ ಉಗಿ. ಹೀಗಾಗಿ ಗಾಲಿಯ ಒಂದು ಸುತ್ತಿಗೆ ನಾಲ್ಕು ‘ಚುಕ್’. ವೈಪಿ ಗಾಲಿಯ ಪರಿಧಿ ಸುಮಾರು 4.3 ಮೀಟರ್. ನಡಿಗೆಯ ವೇಗದಲ್ಲಿ, ಗಂಟೆಗೆ 5 ಕಿ.ಮೀ. ಓಡಿದರೆ ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ಹೆಚ್ಚು ‘ಚುಕ್’. 60 ಕಿ.ಮೀ. ವೇಗದಲ್ಲಿ ಹದಿನೈದಕ್ಕೂ ಹೆಚ್ಚು. ಆಗ ಬಿಡಿ ಸದ್ದುಗಳು ಕೂಡಿ ಒಂದೇ ಮೊರೆತವಾಗುತ್ತದೆ. ಮಾದರಿಯ ಗಾಲಿಯನ್ನು ಬೆರಳಿನಿಂದ ತಿರುಗಿಸುತ್ತ ಎಣಿಸಿದರೆ ಈ ನಾಲ್ಕರ ಲೆಕ್ಕ ಸಣ್ಣ ಮಕ್ಕಳಿಗೂ ಸಿಗುತ್ತದೆ.

ನಿಜವಾದ ಉಗಿ ಇಂಜಿನನ್ನು ನೋಡಬಯಸುವವರು ಪ್ರವಾಸದಲ್ಲಿ ಮೈಸೂರಿಗೆ ಹೋದಾಗ 1979ರಲ್ಲಿ ಆರಂಭವಾದ ರೈಲು ಸಂಗ್ರಹಾಲಯವನ್ನು ಬಿಡಬಾರದು. ನೋಟ್ ಪುಸ್ತಕ ಮತ್ತು ಅಳತೆ ಟೇಪು ಜೊತೆಗಿರಲಿ. ಕಾಗದದಲ್ಲಿ ಒಮ್ಮೆ ಕಟ್ಟಿದ ಮಗು ಅಲ್ಲಿ ಫೋಟೊ ತೆಗೆಸಿಕೊಂಡು ಹಿಂದಿರುಗುವುದಿಲ್ಲ. ಬಗ್ಗಿ ಗಾಲಿಯ ಕೀಲನ್ನು ಹುಡುಕುತ್ತದೆ.

ಪೋಷಕರಿಗೊಂದು ಮಾತು

ಶಾಲೆಯ ವಿಜ್ಞಾನ ಪ್ರದರ್ಶನ ಹತ್ತಿರವಾದಾಗ ಸಿದ್ಧ ಮಾದರಿಗಳನ್ನು ಹಣ ಕೊಟ್ಟು ತರುವ, ಇಲ್ಲವೇ ಅಪ್ಪ ಅಮ್ಮನೇ ರಾತ್ರಿ ಕುಳಿತು ಮಾಡಿ ಮುಗಿಸುವ ರೂಢಿ ಬೆಳೆದಿದೆ. ಬಹುಮಾನ ಬಂದರೂ ಮಗುವಿಗೆ ಅದರಿಂದ ದಕ್ಕುವುದು ಬಾಯಿಪಾಠ ಮಾಡಿದ ನಾಲ್ಕು ಸಾಲು ಮಾತ್ರ. ತೀರ್ಪುಗಾರರು ಐದನೆಯ ಪ್ರಶ್ನೆ ಕೇಳಿದರೆ ಮಗು ತಲೆ ತಗ್ಗಿಸುತ್ತದೆ.

ಕಾಗದದ ಇಂಜಿನು ಮೊದಲ ಸಲಕ್ಕೆ ಚೆಂದವಾಗಿ ಬಾರದು. ಬಾಯ್ಲರು ಸೊಟ್ಟಗಾಗಬಹುದು, ಗಾಲಿ ಕಚ್ಚಿಕೊಳ್ಳಬಹುದು. ಆಗ ಕೈಯಿಂದ ಕಸಿದುಕೊಂಡು ಸರಿಮಾಡಿ ಕೊಡಬೇಡಿ. ಎರಡು ದಿನ ಹಾಗೆಯೇ ಮೇಜಿನ ಮೇಲಿರಲಿ. ‘ಯಾವ ಕೀಲು ಹಿಡಿಯುತ್ತಿದೆ ನೋಡು’ ಎಂದಷ್ಟೇ ಹೇಳಿ. ಮಗು ಡಿವೈಡರ್ ಹಿಡಿದು ಮತ್ತೊಮ್ಮೆ ಅಳೆಯುತ್ತದೆ, ಅರ್ಧ ಮಿ.ಮೀ. ವ್ಯತ್ಯಾಸ ಕಂಡುಕೊಳ್ಳುತ್ತದೆ, ಹೊಸ ಪಟ್ಟಿ ಕತ್ತರಿಸುತ್ತದೆ. ಆಮೇಲೆ ಆರೂ ಗಾಲಿಗಳು ಒಟ್ಟಿಗೆ ತಿರುಗಿದರೆ, ಅದಕ್ಕೆ ಕಾರಣವೇನೆಂದು ಆ ಮಗುವಿಗೆ ಬೇರೆಯವರು ಹೇಳಬೇಕಾಗಿಲ್ಲ.