ಬರಿದಾದ ಕಾರ್ಟ್ರಿಜ್ಜಿಗೆ ಮರಳಿ ಮಸಿ ತುಂಬಬಹುದೆ?

ನಮ್ಮ ಹಿರಿಯರ ಕಾಲದಲ್ಲಿ ದೌತಿಯ ಮಸಿ ತೀರಿತೆಂದು ದೌತಿಯನ್ನೇ ಯಾರೂ ಬಿಸುಡುತ್ತಿರಲಿಲ್ಲ. ಫೌಂಟನ್ ಪೆನ್ನು ಬರಿದಾದರೆ ಕುಪ್ಪಿಯಿಂದ ಮತ್ತೆ ತುಂಬಿಕೊಳ್ಳುತ್ತಿದ್ದರು. ಅದೇ ಪೆನ್ನು ತಂದೆಯಿಂದ ಮಗನ ಕೈಗೆ ಬಂದುದೂ ಉಂಟು. ಇಂದು ಮೇಜಿನ ಮೇಲೆ ಕುಳಿತಿರುವ ಇಂಕ್‌ಜೆಟ್ ಮುದ್ರಣಯಂತ್ರದ ರೀತಿ ಬೇರೆ. ಅದರ ಮಸಿ ತೀರಿದೊಡನೆ ಮಸಿಯ ಪೆಟ್ಟಿಗೆಯನ್ನೇ, ಎಂದರೆ ಕಾರ್ಟ್ರಿಜ್ಜನ್ನೇ, ತೆಗೆದುಹಾಕಿ ಹೊಸದನ್ನು ಕೊಳ್ಳಬೇಕೆಂದು ತಯಾರಕರು ಹೇಳುತ್ತಾರೆ. ಸಿರಿಂಜಿನಿಂದ ನಾಲ್ಕು ಮಿಲಿಲೀಟರ್ ಮಸಿ ಹಾಕಿದರಾಯಿತು ಎಂದು ಪೇಟೆಯ ಅಂಗಡಿಯವರು ಹೇಳುತ್ತಾರೆ. ಇವರಿಬ್ಬರಲ್ಲಿ ಯಾರ ಮಾತು ಸರಿ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳ ಯಾವ ಊರಿನ ಬಸ್ ನಿಲ್ದಾಣದ ಬಳಿಗೆ ಹೋದರೂ ಒಂದೆರಡು ಝೆರಾಕ್ಸ್ ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ಪರೀಕ್ಷೆಯ ಪ್ರವೇಶಪತ್ರ, ವಿದ್ಯಾರ್ಥಿವೇತನದ ಅರ್ಜಿ, ಹೊಲದ ಪಹಣಿ, ಮದುವೆಯ ಕರೆಯೋಲೆಯ ಕರಡು ಎಲ್ಲವೂ ಅಲ್ಲಿ ಅಚ್ಚಾಗುತ್ತವೆ. ಮನೆಯಲ್ಲಿಯೇ ಚಿಕ್ಕ ಯಂತ್ರವನ್ನು ಇಟ್ಟುಕೊಂಡ ವಿದ್ಯಾರ್ಥಿಗಳೂ ಈಗ ಕಡಮೆಯಿಲ್ಲ. ಅಂಥವನೊಬ್ಬ ಒಂದು ದಿನ ತರಗತಿ ಮುಗಿದ ಮೇಲೆ ಬರಿದಾದ ಕಾರ್ಟ್ರಿಜ್ಜನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು, "ಸರ್, ಇದಕ್ಕ ಮಸಿ ತುಂಬಿಸಿದ್ರ ನಡೀತದೇನ್ರಿ?" ಎಂದು ಕೇಳಿದನು. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ಪ್ರಶ್ನೆ ಇದಲ್ಲ. ಆದರೆ ಇದರ ಉತ್ತರವೆಲ್ಲವೂ ನಮ್ಮ ಭೌತಶಾಸ್ತ್ರದ ಪಠ್ಯಪುಸ್ತಕದಲ್ಲಿಯೇ ಅಡಗಿದೆ.

ಒಂದು ಪುಟಕ್ಕೆ ಎಷ್ಟು ಮಸಿ ಬೇಕು ಎಂಬುದನ್ನು ಮೊದಲು ಲೆಕ್ಕ ಹಾಕೋಣ. ಎ4 ಹಾಳೆಯ ವಿಸ್ತೀರ್ಣ ಸುಮಾರು 624 ಚದರ ಸೆಂಟಿಮೀಟರ್. ಸಾಧಾರಣವಾದ ಪತ್ರವೊಂದರಲ್ಲಿ ಅಕ್ಷರಗಳು ಆಕ್ರಮಿಸುವ ಭಾಗ ನೂರಕ್ಕೆ ಐದರಷ್ಟು, ಎಂದರೆ 31 ಚದರ ಸೆಂಟಿಮೀಟರ್ ಎಂದು ಎಣಿಸೋಣ. ಹಸಿಯಾಗಿರುವಾಗ ಮಸಿಯ ಪದರದ ದಪ್ಪ ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗವೆಂದು ಇಟ್ಟುಕೊಂಡರೆ ಪುಟಕ್ಕೆ 0.03 ಮಿಲಿಲೀಟರ್ ಮಸಿ ಬೇಕಾಗುತ್ತದೆ. ಚಿಕ್ಕ ಕಾರ್ಟ್ರಿಜ್ಜಿನಲ್ಲಿ 5 ಮಿಲಿಲೀಟರ್ ಮಸಿ ಇದ್ದರೆ ಸುಮಾರು 160 ಪುಟಗಳು ಅಚ್ಚಾಗುತ್ತವೆ. ಒಂದೊಂದು ಹನಿಯೂ 16 ಪಿಕೊಲೀಟರ್ ಎಂದರೆ, ಪುಟವೊಂದರ ಮೇಲೆ ಬೀಳುವ ಹನಿಗಳ ಸಂಖ್ಯೆ ಸುಮಾರು 20 ಲಕ್ಷ! ಒಂದು ಪಿಕೊಲೀಟರ್ ಎಂಬುದು ಒಂದು ಲೀಟರಿನ ಲಕ್ಷ ಕೋಟಿಯಲ್ಲೊಂದು ಭಾಗವೆಂಬುದನ್ನು ವಾಚಕರು ನೆನೆಯಬೇಕು.

ಇಷ್ಟು ಸಣ್ಣ ಹನಿಯನ್ನು ಮಾಡುವ ಬಗೆ ಹೇಗೆ? ನಲ್ಲಿಯಿಂದ ಬೀಳುವ ತೆಳುಧಾರೆ ಕೆಳಗೆ ಹೋದಂತೆ ಹನಿಹನಿಯಾಗಿ ಒಡೆಯುವುದನ್ನು ನೀವೆಲ್ಲರೂ ಕಂಡಿದ್ದೀರಿ. ಈ ಒಡೆಯುವಿಕೆಯ ಗಣಿತವನ್ನು 1870ರ ದಶಕದ ಕೊನೆಯಲ್ಲಿ ಲಾರ್ಡ್ ರ‍್ಯಾಲೆ ಬಿಡಿಸಿಟ್ಟನು. 1951ರಲ್ಲಿ ಸ್ವೀಡನ್ನಿನ ರೂನೆ ಎಲ್ಮ್‌ಕ್ವಿಸ್ಟ್ ಎಂಬಾತನು ಮಸಿಯ ಧಾರೆಯಿಂದ ಗೆರೆ ಬರೆಯುವ ಉಪಕರಣಕ್ಕೆ ಪೇಟೆಂಟ್ ಪಡೆದನು. ಹೃದಯಕ್ಕೆ ಅಳವಡಿಸುವ ಪೇಸ್‌ಮೇಕರನ್ನು ರಚಿಸಿದವನೂ ಇವನೇ. ಬೇಕಾದಾಗ ಮಾತ್ರ ಒಂದು ಹನಿಯನ್ನು ಚಿಮ್ಮಿಸುವ ಸುಲಭೋಪಾಯ 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯಲ್ಲಿ ಹೊಳೆಯಿತು. ಕಾದ ಬೆಸುಗೆ ಸಲಾಕೆಯೊಂದು ಮಸಿ ತುಂಬಿದ ಸಿರಿಂಜಿನ ಸೂಜಿಗೆ ಆಕಸ್ಮಾತ್ತಾಗಿ ತಗಲಿ, ಸೂಜಿಯ ತುದಿಯಿಂದ ಮಸಿ ಚಿಮ್ಮಿತಂತೆ. ಅಮೆರಿಕದ ಎಚ್‌ಪಿ ಸಂಸ್ಥೆಯವರೂ ಬೇರೆ ದಾರಿಯಿಂದ ಇದೇ ತತ್ತ್ವವನ್ನು ತಲುಪಿ, 1984ರಲ್ಲಿ ಥಿಂಕ್‌ಜೆಟ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದರು. ಅದರ ಮುದ್ರಣದ ತಲೆ ಮಸಿಯ ಪೆಟ್ಟಿಗೆಗೇ ಅಂಟಿಕೊಂಡಿತ್ತು. ಮಸಿ ಮುಗಿದರೆ ಎರಡನ್ನೂ ಕೂಡಿಯೇ ಬಿಸುಡಬೇಕು. ನಮ್ಮ ಇಂದಿನ ಪ್ರಶ್ನೆಯ ಮೂಲ ಇಲ್ಲಿದೆ.

ಕಾರ್ಟ್ರಿಜ್ಜಿನ ಕೆಳಮುಖದಲ್ಲಿ ಕೂದಲಿಗಿಂತ ಸಣ್ಣವಾದ ನೂರಾರು ರಂಧ್ರಗಳಿವೆ. ಪ್ರತಿಯೊಂದು ರಂಧ್ರದ ಹಿಂದೆಯೂ ಒಂದು ಚಿಕ್ಕ ಕಾಯುವ ಫಲಕವುಂಟು. ಅದರಲ್ಲಿ ಕೆಲವು ಮೈಕ್ರೋಸೆಕೆಂಡುಗಳ ಕಾಲ ವಿದ್ಯುತ್ತನ್ನು ಹರಿಸಿದಾಗ ಅದಕ್ಕೆ ತಗಲಿದ ಮಸಿಯ ತೆಳುಪದರವು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ನೂರು ಡಿಗ್ರಿಯಲ್ಲಿ ಕುದಿಯಲು ಅದಕ್ಕೆ ಪುರಸತ್ತೇ ದೊರೆಯುವುದಿಲ್ಲ. ಒಮ್ಮೆಲೇ ಆವಿಯ ಗುಳ್ಳೆ ಹುಟ್ಟಿ, ಮುಂದಿನ ಮಸಿಯನ್ನು ಹನಿಯಾಗಿ ಹೊರದೂಡಿ, ಮರುಕ್ಷಣವೇ ಕುಸಿಯುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಈ ಕ್ರಿಯೆ ನಡೆಯುತ್ತದೆ. ಎಪ್ಸನ್ ಮೊದಲಾದ ಸಂಸ್ಥೆಗಳ ಯಂತ್ರಗಳಲ್ಲಿ ಶಾಖದ ಬದಲು, ವಿದ್ಯುತ್ತು ತಗಲಿದಾಗ ಆಕಾರವನ್ನು ಬದಲಿಸುವ ಪೀಜೋ ಹರಳು ಮಸಿಯನ್ನು ಅದುಮುತ್ತದೆ. ಅಂಥವುಗಳಲ್ಲಿ ಮುದ್ರಣದ ತಲೆ ಯಂತ್ರದಲ್ಲಿಯೇ ಉಳಿಯುತ್ತದೆ. ಕಾರ್ಟ್ರಿಜ್ಜು ಕೇವಲ ಮಸಿಯ ಪಾತ್ರೆ.

ಇಲ್ಲೊಂದು ಸಂದೇಹ ಹುಟ್ಟುವುದು ಸಹಜ. ತಳದಲ್ಲಿ ನೂರಾರು ತೂತುಗಳಿರುವ ಪೆಟ್ಟಿಗೆಯಿಂದ ಮಸಿ ಏಕೆ ತೊಟ್ಟಿಕ್ಕುವುದಿಲ್ಲ? ಕಾರಣ, ಮೇಲ್ಮೈ ಎಳೆತ. ರಂಧ್ರದ ತ್ರಿಜ್ಯ 10 ಮೈಕ್ರಾನ್ ಇದ್ದು, ಮಸಿಯ ಮೇಲ್ಮೈ ಎಳೆತ ನೀರಿನ ಅರ್ಧದಷ್ಟಿದ್ದರೆ, ಆ ರಂಧ್ರದ ಬಾಯಲ್ಲಿರುವ ಮಸಿಯ ಪೊರೆ ಸುಮಾರು 70 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡವನ್ನು ತಡೆದು ನಿಲ್ಲಬಲ್ಲದು. ಆದರೆ ಫಲಕದ ಹೊರಮೈ ಒದ್ದೆಯಾಗಿ, ಮಸಿ ಹರಡಿ, ಒಂದು ಮಿಲಿಮೀಟರ್ ತ್ರಿಜ್ಯದ ಬೊಟ್ಟಾಯಿತೆಂದರೆ ತಡೆಯುವ ಶಕ್ತಿ ನೂರರಲ್ಲೊಂದು ಭಾಗಕ್ಕೆ, ಎಂದರೆ 7 ಮಿಲಿಮೀಟರಿಗೆ ಇಳಿಯುತ್ತದೆ. ಆಗ ಮಸಿ ಸೋರದೆ ಇರದು. ಇದನ್ನು ತಪ್ಪಿಸಲೆಂದೇ ಪೆಟ್ಟಿಗೆಯೊಳಗೆ ಸ್ಪಂಜನ್ನು ಇಟ್ಟಿರುತ್ತಾರೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಸ್ಪಂಜು ಮಸಿಯನ್ನು ಹಿಂದಕ್ಕೆ ಎಳೆದು ಹಿಡಿದಿರುತ್ತದೆ.

ಮರುತುಂಬುವವರು ಮಾಡುವ ಮೊದಲನೆಯ ತಪ್ಪು ಈಗ ಸ್ಪಷ್ಟವಾಗುತ್ತದೆ. ಹೆಚ್ಚು ಪುಟ ಬರಲೆಂಬ ಆಸೆಯಿಂದ ಸ್ಪಂಜು ತುಂಬಿ ತುಳುಕುವಷ್ಟು ಮಸಿ ಹಾಕಿದರೆ ಹಿಂದಕ್ಕೆ ಎಳೆಯುವ ಶಕ್ತಿ ಇಲ್ಲವಾಗಿ ಮಸಿ ಸೋರುತ್ತದೆ. ಎರಡನೆಯ ತಪ್ಪು, ಮಸಿ ತುಂಬಿದ ಬಳಿಕ ಮೇಲಿನ ಗಾಳಿರಂಧ್ರವನ್ನು ಟೇಪಿನಿಂದ ಮುಚ್ಚಿಬಿಡುವುದು. ಎಣ್ಣೆಯ ಡಬ್ಬಿಗೆ ಎರಡು ತೂತು ಕೊರೆಯಬೇಕೆಂದು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಇಲ್ಲಿ ಮಾತ್ರ ಅದನ್ನು ಮರೆಯುತ್ತಾರೆ. ಒಳಗೆ 5 ಮಿಲಿಲೀಟರ್ ಗಾಳಿ ಸೆರೆಯಾಗಿದೆ ಎನ್ನೋಣ. 0.1 ಮಿಲಿಲೀಟರ್ ಮಸಿ ಹೊರಹೋದರೆ ಬಾಯ್ಲನ ನಿಯಮದಂತೆ ಒತ್ತಡವು ಐವತ್ತರಲ್ಲೊಂದು ಭಾಗ ಕುಗ್ಗುತ್ತದೆ. ವಾಯುಭಾರವು 10 ಮೀಟರ್ ನೀರಿನ ಒತ್ತಡಕ್ಕೆ ಸಮವಾದುದರಿಂದ ಈ ಕೊರತೆ 20 ಸೆಂಟಿಮೀಟರ್ ಆಯಿತು. 0.35 ಮಿಲಿಲೀಟರ್ ಹೋಗುವಷ್ಟರಲ್ಲಿ ಕೊರತೆ 70 ಸೆಂಟಿಮೀಟರಿಗೆ ಏರಿ, ರಂಧ್ರಗಳ ಮೂಲಕವೇ ಗಾಳಿ ಒಳಗೆ ನುಗ್ಗುತ್ತದೆ. ಹತ್ತು ಹನ್ನೆರಡು ಪುಟಗಳಾದ ಮೇಲೆ ಅಕ್ಷರಗಳು ಮಂಕಾಗಿ ನಿಂತುಹೋಗುತ್ತವೆ. ಮಸಿ ಕಳಪೆಯೆಂದು ಅಂಗಡಿಯವನನ್ನು ದೂರುವ ಮೊದಲು ಆ ಟೇಪನ್ನು ಕಿತ್ತು ನೋಡಬೇಕು.

ಮೂರನೆಯ ತಪ್ಪು ಹೆಚ್ಚು ಹಾನಿಕರ. ಮಸಿ ಸಂಪೂರ್ಣ ಬತ್ತುವವರೆಗೂ ಅಚ್ಚು ಹಾಕುತ್ತ ಹೋದರೆ ಕಾದ ಫಲಕದ ಶಾಖವನ್ನು ಒಯ್ಯಲು ದ್ರವವೇ ಇರುವುದಿಲ್ಲ. ಒಲೆಯ ಮೇಲಿನ ಬರಿಯ ಪಾತ್ರೆಯಂತೆ ಫಲಕ ಸುಟ್ಟುಹೋಗುತ್ತದೆ. ಆದುದರಿಂದ ಅಕ್ಷರ ಮಸುಕಾಗತೊಡಗಿದೊಡನೆ ನಿಲ್ಲಿಸಿ ತುಂಬಿಸಬೇಕು.

ಎಷ್ಟು ಎಚ್ಚರ ವಹಿಸಿದರೂ ಇಂಥ ಕಾರ್ಟ್ರಿಜ್ಜು ಚಿರಾಯುವಲ್ಲ. 5 ಮಿಲಿಲೀಟರ್ ಮಸಿಯಲ್ಲಿ 31 ಕೋಟಿ ಹನಿಗಳಿವೆ. ರಂಧ್ರಗಳು 300 ಇದ್ದರೆ ಒಂದೊಂದು ಫಲಕವೂ ಒಂದು ಸಲದ ಮಸಿಗೆ ಸುಮಾರು ಹತ್ತು ಲಕ್ಷ ಬಾರಿ ಕಾಯಬೇಕು. ಅಷ್ಟೇ ಬಾರಿ ಕುಸಿಯುವ ಗುಳ್ಳೆಯ ಪೆಟ್ಟನ್ನು ತಿನ್ನಬೇಕು. ಹಾಲು ಕಾಸಿದ ಪಾತ್ರೆಯ ತಳ ಹತ್ತುವಂತೆ, ಸುಟ್ಟ ಮಸಿಯ ಪದರವೂ ಫಲಕದ ಮೇಲೆ ಕೂಡುತ್ತದೆ. ಇದಕ್ಕೆ 'ಕೊಗೇಷನ್' ಎಂದು ಹೆಸರು. ಸೀದುದು ಎಂಬ ಅರ್ಥದ ಜಪಾನೀ ಮಾತಿನಿಂದ ಈ ಶಬ್ದ ಹುಟ್ಟಿದೆ. ಹೀಗೆ ಕೆಲವು ಸಲ ತುಂಬಿದ ಮೇಲೆ ಪೆಟ್ಟಿಗೆ ತಾನಾಗಿಯೇ ನಿವೃತ್ತಿ ಹೊಂದುತ್ತದೆ.

ನಮ್ಮ ಸೀಮೆಯಲ್ಲಿ ಇದಕ್ಕಿಂತಲೂ ದೊಡ್ಡ ಶತ್ರು ಬೇಸಿಗೆ. ಒಂದು ವರ್ಷ ಏಪ್ರಿಲಿನಲ್ಲಿ ನನ್ನ ಮನೆಯ ಯಂತ್ರಕ್ಕೆ ನಾನೇ ಮಸಿ ತುಂಬಿ ರಜೆಗೆ ಹೊರಟುಹೋದೆನು. ಜೂನಿನಲ್ಲಿ ಬಂದು ಅಚ್ಚು ಹಾಕಿದರೆ ಪ್ರತಿಯೊಂದು ಸಾಲಿನ ನಡುವೆಯೂ ಬಿಳಿಯ ಗೆರೆಗಳು! ಒಣಹವೆಯಲ್ಲಿ ರಂಧ್ರದ ಬಾಯಲ್ಲಿದ್ದ ಮಸಿಯ ನೀರು ಆರಿ, ಬಣ್ಣ ಹೆಪ್ಪುಗಟ್ಟಿತ್ತು. ಬೆಚ್ಚಗಿನ ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿದ ಬಟ್ಟೆಯ ಮೇಲೆ ಮುಖವನ್ನು ಕೆಲವು ನಿಮಿಷ ಇಟ್ಟ ಬಳಿಕ ಬಹುಪಾಲು ರಂಧ್ರಗಳು ತೆರೆದುಕೊಂಡವು. ಕೊಳವೆಬಾವಿಯ ಗಡಸುನೀರನ್ನು ಇದಕ್ಕೆ ಬಳಸಬಾರದು. ಅದರ ಸುಣ್ಣದಂಶವೇ ರಂಧ್ರಗಳನ್ನು ಮುಚ್ಚೀತು. ವಾರಕ್ಕೊಂದು ಪುಟವನ್ನಾದರೂ ಅಚ್ಚು ಹಾಕುತ್ತಿದ್ದರೆ ಈ ತೊಂದರೆ ಬಾರದು.

ಇನ್ನು ಮಸಿಯ ವಿಚಾರ. ಇದರಲ್ಲಿ ಎರಡು ಜಾತಿಗಳುಂಟು. ಒಂದರಲ್ಲಿ ಬಣ್ಣವು ಸಕ್ಕರೆಯಂತೆ ನೀರಿನಲ್ಲಿ ಕರಗಿರುತ್ತದೆ. ಇನ್ನೊಂದರಲ್ಲಿ ಕರಗದ ಸೂಕ್ಷ್ಮ ವರ್ಣಕಣಗಳು ತೇಲಾಡುತ್ತಿರುತ್ತವೆ. ಒಂದಕ್ಕೆ ಇನ್ನೊಂದನ್ನು ಬೆರೆಸಿದರೆ ಒಡೆದ ಹಾಲಿನಂತೆ ಕಣಗಳು ಗಂಟುಕಟ್ಟಿ ರಂಧ್ರಗಳನ್ನು ಮುಚ್ಚಬಹುದು. ಬಾಳಿಕೆಯಲ್ಲಿಯೂ ಇವೆರಡಕ್ಕೆ ಬಹಳ ಅಂತರ. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆ ಉಕ್ಕಿ ನಮ್ಮ ತಾಲ್ಲೂಕುಗಳ ನದೀತೀರದ ಹಳ್ಳಿಗಳಿಗೆ ನುಗ್ಗಿದುದನ್ನು ಇಲ್ಲಿಯ ಜನ ಮರೆತಿಲ್ಲ. ನೀರಿಳಿದ ಮೇಲೆ ವಿದ್ಯಾರ್ಥಿಯೊಬ್ಬನ ಮನೆಯವರು ಕಾಗದಪತ್ರಗಳನ್ನು ಅಂಗಳದಲ್ಲಿ ಹರಡಿ ಒಣಗಿಸುತ್ತಿದ್ದುದನ್ನು ನಾನು ಕಂಡೆನು. ಲೇಸರ್ ಯಂತ್ರದ ಅಚ್ಚು ಓದುವಂತಿತ್ತು, ಏಕೆಂದರೆ ಅದರ ಪುಡಿ ಕಾಗದದ ಮೇಲೆ ಕರಗಿ ಬೆಸೆದುಕೊಂಡಿರುತ್ತದೆ. ಕರಗುವ ಮಸಿಯಲ್ಲಿ ಅಚ್ಚಾಗಿದ್ದ ಅರ್ಜಿಯೊಂದರಲ್ಲಿ ಮಾತ್ರ ನೀಲಿಯ ಕಲೆಯೊಂದೇ ಉಳಿದಿತ್ತು. ಮರುತುಂಬಿದ ಮಸಿಗೆ ಮಾತ್ರವಲ್ಲ, ಕರಗುವ ಜಾತಿಯದಾದರೆ ತಯಾರಕರ ಮಸಿಗೂ ಇದೇ ಗತಿ. ನಿಮ್ಮ ಮಸಿ ಯಾವುದೆಂದು ತಿಳಿಯಬೇಕೆ? ಒಂದು ಸಾಲು ಅಚ್ಚು ಹಾಕಿ, ಒಂದು ಗಂಟೆ ಆರಿಸಿ, ಅದರ ಮೇಲೆ ಒಂದು ತೊಟ್ಟು ನೀರು ಬಿಡಿ. ಅಕ್ಷರ ಹರಡಿದರೆ ಆ ಮಸಿಯಲ್ಲಿ ಕಾಪಿಡಬೇಕಾದ ಪತ್ರಗಳನ್ನು ಅಚ್ಚು ಹಾಕಬೇಡಿ.

ಅನೇಕ ಕಾರ್ಟ್ರಿಜ್ಜುಗಳಲ್ಲಿ ಒಂದು ಚಿಪ್ ಇರುತ್ತದೆ. ಮಸಿ ಮುಗಿಯಿತೆಂದು ಯಂತ್ರ ಸಾರುವುದು ಹಲವೊಮ್ಮೆ ಮಸಿಯನ್ನು ಅಳೆದಲ್ಲ, ಹನಿಗಳನ್ನು ಎಣಿಸಿ. ಹಾಲಿನವನು ಕೊಡವನ್ನು ನೋಡದೆ, ಅಳೆದುಕೊಟ್ಟ ಪಾವುಗಳನ್ನೇ ಎಣಿಸಿ ಹಾಲು ಮುಗಿಯಿತೆಂದಂತೆ. ಆದುದರಿಂದ ಮಸಿ ತುಂಬಿದ ಮೇಲೂ ಯಂತ್ರ ಖಾಲಿ ಎಂದೇ ಹೇಳಬಹುದು. ಕೆಲವು ಯಂತ್ರಗಳು ಕೆಲಸವನ್ನೇ ನಿರಾಕರಿಸುತ್ತವೆ. ಕೊಳ್ಳುವ ಮುನ್ನವೇ ಇದನ್ನು ವಿಚಾರಿಸಬೇಕು.

ಈ ಜಗಳ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಬಳಸಿದ ಕಾರ್ಟ್ರಿಜ್ಜನ್ನು ತೊಳೆದು ತುಂಬಿ ಮಾರುವುದು ಹೊಸದನ್ನು ತಯಾರಿಸಿದಂತೆಯೇ ಎಂದು ಕ್ಯಾನನ್ ಸಂಸ್ಥೆಯ ಮೊಕದ್ದಮೆಯಲ್ಲಿ ಜಪಾನಿನ ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ತೀರ್ಪಿತ್ತಿತು. ಲೇಸರ್ ಯಂತ್ರದ ಕಾರ್ಟ್ರಿಜ್ಜುಗಳ ಬಗೆಗೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಕೊಟ್ಟ ತೀರ್ಪು ಬೇರೆಯ ದಿಕ್ಕಿನದು: ವಸ್ತುವನ್ನು ಮಾರಿದೊಡನೆ ಅದರ ಮೇಲಿನ ಪೇಟೆಂಟ್ ಹಕ್ಕು ತೀರಿಹೋಗುತ್ತದೆ. ಈ ನಡುವೆ ತಯಾರಕರೇ ಒಂದು ಹೆಜ್ಜೆ ಮುಂದಿಟ್ಟರು. 2010ರಲ್ಲಿ ಎಪ್ಸನ್ ಸಂಸ್ಥೆ ಇಂಡೊನೇಷ್ಯದಲ್ಲಿ ಕುಪ್ಪಿಯಿಂದ ಮಸಿ ಸುರಿದುಕೊಳ್ಳುವ ತೊಟ್ಟಿಯುಳ್ಳ ಯಂತ್ರವನ್ನು ಹೊರತಂದಿತು. ಉಳಿದವರೂ ಅದೇ ದಾರಿ ಹಿಡಿದರು. ಹೀಗೆ ನಮ್ಮ ಹಿರಿಯರ ದೌತಿ ಮರಳಿ ಬಂದಿದೆ!

ಕೊನೆಗೆ ಹಣದ ಲೆಕ್ಕ. ಲೆಕ್ಕದ ಅನುಕೂಲಕ್ಕಾಗಿ ಹೊಸ ಕಾರ್ಟ್ರಿಜ್ಜಿಗೆ 800 ರೂಪಾಯಿ, ಮರುತುಂಬಲು 100 ರೂಪಾಯಿ ಎಂದಿಟ್ಟುಕೊಳ್ಳೋಣ. ಹೊಸದರಲ್ಲಿ ಪುಟಕ್ಕೆ 5 ರೂಪಾಯಿ ಬೀಳುತ್ತದೆ. ಮೂರು ಸಲ ತುಂಬಿದುದರಲ್ಲಿ ಒಂದು ಸಲ ಪೂರ್ತಿ ಕೆಟ್ಟಿತೆಂದರೂ 300 ರೂಪಾಯಿಗೆ 320 ಪುಟಗಳಾಗಿ, ಪುಟಕ್ಕೆ ಒಂದು ರೂಪಾಯಿಗೂ ಕಡಮೆ. ಆದುದರಿಂದ ಟಿಪ್ಪಣಿ, ಕರಡು, ಅಭ್ಯಾಸದ ಪ್ರಶ್ನೆಗಳಿಗೆ ಧಾರಾಳವಾಗಿ ಮರುತುಂಬಿ ಬಳಸಬಹುದು. ದಿನವೂ ನೂರಾರು ಪುಟ ಅಚ್ಚು ಹಾಕುವ ಅಂಗಡಿಗೆ ತೊಟ್ಟಿಯ ಯಂತ್ರವೇ ಲೇಸು. ಪ್ರವೇಶಪತ್ರ, ಅರ್ಜಿ, ಆಸ್ತಿಯ ಕಾಗದಗಳಿಗೆ ಲೇಸರ್ ಯಂತ್ರವನ್ನೋ ನೀರಿಗೆ ಕರಗದ ಮಸಿಯನ್ನೋ ಆರಿಸಿಕೊಳ್ಳಬೇಕು. ನಿವೃತ್ತವಾದ ಕಾರ್ಟ್ರಿಜ್ಜನ್ನು ಕಬ್ಬಿನ ರವದಿಯೊಡನೆ ಸುಡಬಾರದು. ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳು ಮುದ್ರಣಯಂತ್ರದ ಜೊತೆಗೆ ಅದರ ಕಾರ್ಟ್ರಿಜ್ಜನ್ನೂ ಪಟ್ಟಿಯಲ್ಲಿ ಸೇರಿಸಿವೆ.

ಪ್ರಶ್ನೆ ಕೇಳಿದ ಆ ವಿದ್ಯಾರ್ಥಿ ಕಾರ್ಟ್ರಿಜ್ಜನ್ನು ತುಂಬಿಸಿಕೊಂಡನು. ಮರುವಾರ ಬಂದು ಹತ್ತೇ ಪುಟಕ್ಕೆ ಅಚ್ಚು ನಿಂತಿತೆಂದು ಹೇಳಿದನು. ನಾನು ಬಾಯ್ಲನ ನಿಯಮವನ್ನು ನೆನಪಿಸಿದೆನು. ಅವನು ಒಂದು ಕ್ಷಣ ಯೋಚಿಸಿ, ನಕ್ಕು, ಮೇಲಿನ ಟೇಪನ್ನು ಕಿತ್ತನು.